ಮದುವೆ ಮನೆಯ ಮೌನಸಾಕ್ಷಿ: ಛಾಯಾಗ್ರಾಹಕ ಡೆನಿಸ್ ರೆಗ್ಗಿ

ಅಂದು 1996ರ ಸೆಪ್ಟೆಂಬರ್ 21. ಅಮೆರಿಕದ ಜಾರ್ಜಿಯಾ ರಾಜ್ಯದ ಕಡಲ ತೀರದಾಚೆಗಿನ ಕಂಬರ್‌ಲ್ಯಾಂಡ್ ದ್ವೀಪದ ಪುಟ್ಟ ಮರದ ಪ್ರಾರ್ಥನಾ ಮಂದಿರವೊಂದರಲ್ಲಿ ಮೋಂಬತ್ತಿಯ ಬೆಳಕಿನಲ್ಲಿ ಮದುವೆಯೊಂದು ನೆರವೇರಿತು. ವರ, ಮಾಜಿ ಅಧ್ಯಕ್ಷ ಜಾನ್ ಎಫ್. ಕೆನಡಿ ಅವರ ಪುತ್ರ ಜಾನ್ ಎಫ್. ಕೆನಡಿ ಜೂನಿಯರ್. ವಧು, ಕ್ಯಾರೊಲಿನ್ ಬೆಸೆಟ್. ವಿಧಿಗಳು ಮುಗಿದು ನವದಂಪತಿ ಹೊರಬರುತ್ತಿದ್ದಾಗ ವರನು ವಧುವಿನ ಕೈಯನ್ನು ಮೇಲೆತ್ತಿ ಮೃದುವಾಗಿ ಚುಂಬಿಸಿದರು. ಹಾಗೆ ಮಾಡಿರೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಅರೆಗಳಿಗೆಯ ಆ ನೋಟವು ಜಗತ್ತಿನ ಅತ್ಯಂತ ಪರಿಚಿತ ಮದುವೆ ಚಿತ್ರಗಳಲ್ಲಿ ಒಂದಾಗಿ ಉಳಿಯಿತು. ಅದನ್ನು ಸೆರೆಹಿಡಿದವರು ಡೆನಿಸ್ ರೆಗ್ಗಿ.

ಮದುವೆಯ ಛಾಯಾಗ್ರಹಣಕ್ಕೆ ಸುದ್ದಿ ಛಾಯಾಗ್ರಹಣದ ಶಿಸ್ತನ್ನು ತಂದವರಲ್ಲಿ ರೆಗ್ಗಿ ಅವರ ಹೆಸರು ಪ್ರಮುಖವಾದುದು. ಛಾಯಾಗ್ರಾಹಕನು ಕ್ಷಣವನ್ನು ಸೃಷ್ಟಿಸಬಾರದು, ತಾನಾಗಿ ಒದಗುವ ಕ್ಷಣವನ್ನು ಗುರುತಿಸಬೇಕು ಎಂಬುದು ಅವರ ನಿಲುವಿನ ಸಾರ. ಇಂದು ಕರ್ನಾಟಕದ ಕಲ್ಯಾಣ ಮಂಟಪಗಳಲ್ಲಿ 'ಕ್ಯಾಂಡಿಡ್' ಎಂಬ ಹೆಸರಿನಿಂದ ಬಳಕೆಯಲ್ಲಿರುವ ಶೈಲಿಗೂ ಇದೇ ನಿಲುವು ಆಧಾರವಾಗಿದೆ.

ಭತ್ತದ ನಾಡಿನ ಕುಟುಂಬ

ರೆಗ್ಗಿ ಅವರದು ಲೂಸಿಯಾನಾ ರಾಜ್ಯದ ಕ್ರೌಲಿ ಪಟ್ಟಣದ ಕುಟುಂಬ. ಭತ್ತದ ಬೆಳೆಗೆ ಹೆಸರಾದ ಈ ಊರಿನಲ್ಲಿ ಅವರ ತಂದೆ ಎಡ್ಮಂಡ್ ರೆಗ್ಗಿ ನ್ಯಾಯಾಧೀಶರಾಗಿದ್ದರು. ಲೆಬನಾನ್ ಮೂಲದ ಈ ಕ್ಯಾಥೊಲಿಕ್ ಮನೆತನಕ್ಕೂ ಕೆನಡಿ ಮನೆತನಕ್ಕೂ ರಾಜಕೀಯದ ಮೂಲಕ ನಂಟು ಬೆಳೆಯಿತು. 1956ರ ಡೆಮಾಕ್ರಟಿಕ್ ಪಕ್ಷದ ಅಧಿವೇಶನದಲ್ಲಿ ಉಪಾಧ್ಯಕ್ಷ ಸ್ಥಾನದ ಉಮೇದುವಾರಿಕೆಗೆ ಯತ್ನಿಸಿದ ಜಾನ್ ಎಫ್. ಕೆನಡಿ ಅವರನ್ನು ಎಡ್ಮಂಡ್ ಬೆಂಬಲಿಸಿದ್ದರು. 1959ರ ಅಕ್ಟೋಬರ್‌ನಲ್ಲಿ ಕೆನಡಿ ದಂಪತಿ ಕ್ರೌಲಿಯ ಭತ್ತದ ಉತ್ಸವಕ್ಕೆ ಆಗಮಿಸಿದ್ದರು. ಮುಂದೆ 1992ರಲ್ಲಿ ಡೆನಿಸ್ ಅವರ ಸಹೋದರಿ ವಿಕ್ಟೋರಿಯಾ, ಸೆನೆಟರ್ ಎಡ್ವರ್ಡ್ ಕೆನಡಿ ಅವರನ್ನು ವಿವಾಹವಾದರು.

ಈ ಹಿನ್ನೆಲೆಯನ್ನು ಮರೆತು ರೆಗ್ಗಿ ಅವರ ಕೆಲಸವನ್ನು ಅರ್ಥೈಸುವುದು ಕಷ್ಟ. ಕೆನಡಿ ಕುಟುಂಬದ ಹಲವು ಮದುವೆಗಳನ್ನು ಚಿತ್ರಿಸಿದ ಅವರು ಅಲ್ಲಿ ಬಾಡಿಗೆಗೆ ಬಂದ ಅಪರಿಚಿತರಾಗಿರಲಿಲ್ಲ. ಕ್ಯಾಮೆರಾ ಕಂಡೊಡನೆ ಮುಖ ಬಿಗಿಹಿಡಿಯುವುದು ಮನುಷ್ಯ ಸಹಜ ಗುಣ. ಕ್ಯಾಮೆರಾದ ಹಿಂದಿರುವವನು ಪರಿಚಿತನಾಗಿದ್ದರೆ ಆ ಬಿಗಿತ ಬೇಗ ಸಡಿಲುತ್ತದೆ. ಆದರೆ ಅಟ್ಲಾಂಟಾ ನಗರವನ್ನು ಕೇಂದ್ರವಾಗಿಸಿಕೊಂಡು ಅವರು ಕಟ್ಟಿದ ವೃತ್ತಿಜೀವನ ಆ ಒಂದು ಮನೆತನಕ್ಕೆ ಸೀಮಿತವಾಗಿರಲಿಲ್ಲ. ಅಪರಿಚಿತರ ಮದುವೆಗಳಲ್ಲಿಯೂ ಅಂಥದೇ ವಿಶ್ವಾಸವನ್ನು ಕೆಲವೇ ಗಂಟೆಗಳಲ್ಲಿ ಗಳಿಸಬೇಕಾದುದು ಈ ವಿಧಾನವು ಒಡ್ಡುವ ಮೊದಲ ಸವಾಲು.

ಸ್ಟುಡಿಯೊ ಪದ್ಧತಿಯಿಂದ ಸುದ್ದಿಮನೆಯ ರೀತಿಗೆ

ರೆಗ್ಗಿ ಹೆಸರು ಮಾಡಿದ 1980ರ ದಶಕದಲ್ಲಿ ಮದುವೆಯ ಛಾಯಾಗ್ರಾಹಕನೆಂದರೆ ಒಂದರ್ಥದಲ್ಲಿ ನಿರ್ದೇಶಕ. ದೊಡ್ಡ ಅಳತೆಯ ಫಿಲ್ಮ್ ಬಳಸುವ ಭಾರವಾದ ಕ್ಯಾಮೆರಾ ಅವನ ಸಾಧನವಾಗಿತ್ತು. ಆರು ಸೆಂಟಿಮೀಟರ್ ಚೌಕದ ಚಿತ್ರಗಳಾದರೆ ಒಂದು ರೋಲಿಗೆ ಕೇವಲ 12 ಮಾತ್ರ ದೊರೆಯುತ್ತಿದ್ದವು. ಆದ್ದರಿಂದ ಪ್ರತಿಯೊಂದನ್ನೂ ಮೊದಲೇ ಯೋಜಿಸಿ, ಜನರನ್ನು ನಿಲ್ಲಿಸಿ, ಗಲ್ಲ ಎತ್ತಿಸಿ, ಕೈಯಿರಿಸುವ ಬಗೆಯನ್ನು ಹೇಳಿಕೊಟ್ಟು ತೆಗೆಯುವುದು ರೂಢಿಯಾಗಿತ್ತು.

ಪತ್ರಿಕಾ ಛಾಯಾಗ್ರಾಹಕರ ದಾರಿ ಬೇರೆಯಾಗಿತ್ತು. 1925ರಲ್ಲಿ ಲೈಕಾ ಕ್ಯಾಮೆರಾ ಮಾರುಕಟ್ಟೆಗೆ ಬಂದ ಬಳಿಕ 35 ಮಿ.ಮೀ. ಫಿಲ್ಮ್ ಅವರಿಗೆ ಕೈಯಲ್ಲಿ ಹಿಡಿದು ಓಡಾಡುವ ಸ್ವಾತಂತ್ರ್ಯವನ್ನು ನೀಡಿತು. ರೋಲಿಗೆ 36 ಚಿತ್ರಗಳು. ಘಟನೆಯನ್ನು ತಿದ್ದದೆ ದಾಖಲಿಸುವುದು ಅವರ ಧರ್ಮ. ಈ ಧರ್ಮವನ್ನು ಮದುವೆ ಮನೆಗೆ ಅನ್ವಯಿಸಿದ್ದೇ ರೆಗ್ಗಿ ಅವರ ಕೊಡುಗೆ. ಈ ವಿಧಾನಕ್ಕೆ ಅವರು 'ವೆಡ್ಡಿಂಗ್ ಫೋಟೋಜರ್ನಲಿಸಂ' ಎಂಬ ಹೆಸರನ್ನು ಬಳಸಿ ಪ್ರಚಾರಕ್ಕೆ ತಂದರು.

ನಿರಾಳತೆಯ ಹಿಂದಿನ ಸಿದ್ಧತೆ

ದೂರದಿಂದ ನೋಡುವವರಿಗೆ ಈ ವಿಧಾನ ತೀರ ನಿರಾಳವೆನಿಸುತ್ತದೆ. ಛಾಯಾಗ್ರಾಹಕನು ಆದೇಶ ನೀಡುವುದಿಲ್ಲ, ಅತಿಥಿಗಳ ನಡುವೆ ತಾನೂ ಒಬ್ಬನಂತೆ ಸುಳಿದಾಡುತ್ತಾನೆ. ವಾಸ್ತವದಲ್ಲಿ ನಿರಾಳವಾಗಿರುವವರು ಮನೆಯವರು. ಛಾಯಾಗ್ರಾಹಕನಿಗೆ ಬಿಡುವೇ ಇರುವುದಿಲ್ಲ. ಬೆಳಕು ಯಾವ ಕಿಟಕಿಯಿಂದ ಬರುತ್ತಿದೆ, ವಧುವಿನ ತಂದೆ ಎಲ್ಲಿ ನಿಂತಿದ್ದಾರೆ, ಮುಂದಿನ ವಿಧಿ ಯಾವುದು, ಆಗ ಯಾರ ಮುಖ ಯಾವ ಕಡೆಗೆ ತಿರುಗಲಿದೆ ಎಂಬುದನ್ನೆಲ್ಲ ಆತ ಮೊದಲೇ ಊಹಿಸಿ ಸ್ಥಳ ಹಿಡಿದಿರಬೇಕು. ನಿಲ್ಲಿಸಿ ತೆಗೆದ ಚಿತ್ರ ಕೆಟ್ಟರೆ ಮತ್ತೊಮ್ಮೆ ತೆಗೆಯಬಹುದು. ತಾನಾಗಿ ನಡೆದ ಕ್ಷಣ ಕೈತಪ್ಪಿದರೆ ಮತ್ತೆ ಬಾರದು.

ಬೆಳಕಿನ ವಿಷಯದಲ್ಲಿಯೂ ಈ ಪಂಥದವರದು ಪ್ರತ್ಯೇಕ ಜಾಣ್ಮೆ. ಫ್ಲ್ಯಾಷನ್ನು ನೇರವಾಗಿ ಮುಖಕ್ಕೆ ಹಾಯಿಸಿದರೆ ಮುಖ ಬಿಳುಚಿಕೊಂಡು ಹಿನ್ನೆಲೆ ಕತ್ತಲಾಗುತ್ತದೆ. ಅದನ್ನೇ ಪಕ್ಕದ ಗೋಡೆ ಅಥವಾ ಚಾವಣಿಯತ್ತ ತಿರುಗಿಸಿದರೆ, ಪುಟಿದು ಬರುವ ಬೆಳಕು ಕಿಟಕಿಯ ಬೆಳಕಿನಂತೆ ಮೃದುವಾಗಿ ಹರಡುತ್ತದೆ. ಸ್ಟ್ಯಾಂಡು, ಛತ್ರಿಗಳ ಗೊಡವೆಯಿಲ್ಲದ್ದರಿಂದ ಜನರ ಗಮನ ಕ್ಯಾಮೆರಾದತ್ತ ಸೆಳೆಯಲ್ಪಡುವುದು ಕಡಿಮೆ. ಈ ತಂತ್ರವನ್ನು ರೆಗ್ಗಿ ಅವರು ಇತರ ಛಾಯಾಗ್ರಾಹಕರಿಗೂ ಹೇಳಿಕೊಟ್ಟಿದ್ದಾರೆ.

ಕಂಬರ್‌ಲ್ಯಾಂಡ್ ದ್ವೀಪದ ಆ ಸಂಜೆ

ಕಂಬರ್‌ಲ್ಯಾಂಡ್ ದ್ವೀಪಕ್ಕೆ ಸೇತುವೆಯಿಲ್ಲ. ಸುದ್ದಿ ಮಾಧ್ಯಮಗಳ ಕಣ್ತಪ್ಪಿಸಲೆಂದೇ ಜಾನ್ ಮತ್ತು ಕ್ಯಾರೊಲಿನ್ ಈ ಸ್ಥಳವನ್ನು ಆಯ್ದುಕೊಂಡರು. ಗುಲಾಮಗಿರಿಯಿಂದ ಬಿಡುಗಡೆ ಹೊಂದಿದ ಕಪ್ಪು ಜನರ ಸಮುದಾಯ 1893ರಲ್ಲಿ ಸ್ಥಾಪಿಸಿ, 1930ರ ದಶಕದಲ್ಲಿ ಮತ್ತೆ ಕಟ್ಟಲಾದ ಫಸ್ಟ್ ಆಫ್ರಿಕನ್ ಬ್ಯಾಪ್ಟಿಸ್ಟ್ ಚರ್ಚ್ ಅವರ ಮದುವೆಯ ತಾಣವಾಯಿತು. ಅತಿಥಿಗಳು ಸುಮಾರು 40 ಮಂದಿ ಮಾತ್ರ. ಇಂಥ ಗುಟ್ಟಿನ ಸಮಾರಂಭದೊಳಗೆ ಕ್ಯಾಮೆರಾ ಹಿಡಿದು ನಿಲ್ಲಲು ಕೌಶಲವೊಂದೇ ಸಾಲದು, ಆ ಮನೆಯವರ ನಂಬಿಕೆಯೂ ಬೇಕಿತ್ತು.

ಮದುವೆ ಮುಗಿದ ನಂತರವೇ ಹೊರಜಗತ್ತಿಗೆ ಸುದ್ದಿ ತಿಳಿಯಿತು. ಆಗ ಪತ್ರಿಕೆಗಳಿಗೆ ದೊರೆತ ಅಧಿಕೃತ ಚಿತ್ರ ಕೈಮುತ್ತಿನದು. ಮೂರು ವರ್ಷವೂ ತುಂಬುವ ಮುನ್ನ, 1999ರ ಜುಲೈ 16ರಂದು, ಜಾನ್ ಅವರೇ ಚಲಾಯಿಸುತ್ತಿದ್ದ ಲಘು ವಿಮಾನ ಮಾರ್ಥಾಸ್ ವಿನ್‌ಯಾರ್ಡ್ ದ್ವೀಪದ ಬಳಿ ಅಟ್ಲಾಂಟಿಕ್ ಸಾಗರಕ್ಕೆ ಬಿದ್ದಿತು. ಜಾನ್, ಕ್ಯಾರೊಲಿನ್ ಹಾಗೂ ಕ್ಯಾರೊಲಿನ್ ಅವರ ಅಕ್ಕ ಲಾರೆನ್ ಬೆಸೆಟ್ ಮೃತಪಟ್ಟರು. ಜಾನ್ ಅವರಿಗೆ 38, ಕ್ಯಾರೊಲಿನ್ ಅವರಿಗೆ 33 ವರ್ಷ ವಯಸ್ಸು. ಸಂತಸದ ಸುದ್ದಿಯೊಡನೆ ಬಂದಿದ್ದ ಆ ಚಿತ್ರವನ್ನೇ ಜನರು ಮತ್ತೆ ನೋಡಿದರು, ಈ ಸಲ ಶೋಕದಲ್ಲಿ. ಹೇಳಿ ಮಾಡಿಸಿದ ಭಂಗಿಯಾಗಿದ್ದರೆ ಅದು ಆ ಭಾರವನ್ನು ಹೊರುತ್ತಿತ್ತೇ ಎಂಬ ಪ್ರಶ್ನೆ ಸಹಜ.

ಮಿತಿಗಳೂ ಇವೆ

ಈ ವಿಧಾನವೇ ಸರ್ವಸ್ವವೆಂದು ಹೇಳಲಾಗದು. ಯಾರನ್ನೂ ನಿಲ್ಲಿಸದ ಛಾಯಾಗ್ರಾಹಕನ ಸಂಗ್ರಹದಲ್ಲಿ ಮೂಲೆಯಲ್ಲಿ ಕುಳಿತ ಅಜ್ಜಿಯ ಸ್ಪಷ್ಟ ಮುಖವೇ ಇಲ್ಲದಿರಬಹುದು. ಒಡಹುಟ್ಟಿದವರೆಲ್ಲ ಒಟ್ಟಾಗಿ ನಿಂತ ಚಿತ್ರ ತಾನಾಗಿ ಒದಗುವುದು ಅಪರೂಪ. ಆದ್ದರಿಂದ ಸಾಕ್ಷ್ಯಚಿತ್ರ ಶೈಲಿಯ ಅನೇಕರು ಕುಟುಂಬದ ಗುಂಪು ಚಿತ್ರಗಳಿಗೆ ಅಲ್ಪ ಸಮಯವನ್ನು ಮೀಸಲಿಟ್ಟು, ಉಳಿದ ದಿನವನ್ನು ಅದರ ಪಾಡಿಗೆ ಬಿಡುತ್ತಾರೆ. ಅಲ್ಲದೆ, ಅರಿವಿಲ್ಲದಂತೆ ತೆಗೆದ ಚಿತ್ರವು ವ್ಯಕ್ತಿಯ ಖಾಸಗಿತನವನ್ನು ಮುಟ್ಟುತ್ತದೆ. ಅತ್ತ ಮುಖವೊಂದನ್ನು ಮನೆಯ ಆಲ್ಬಂನಲ್ಲಿ ಇರಿಸುವುದು ಬೇರೆ, ಅಂತರ್ಜಾಲದಲ್ಲಿ ಊರಿಗೆಲ್ಲ ತೋರಿಸುವುದು ಬೇರೆ.

ನಮ್ಮ ಕಲ್ಯಾಣ ಮಂಟಪಗಳಲ್ಲಿ

ಡಿಜಿಟಲ್ ಕ್ಯಾಮೆರಾಗಳು ಅಗ್ಗವಾಗಿ, ಮಂದ ಬೆಳಕಿನಲ್ಲಿಯೂ ಚಿತ್ರ ತೆಗೆಯುವ ಸಾಮರ್ಥ್ಯ ಪಡೆದ ಮೇಲೆ ಈ ಶೈಲಿ ಭಾರತದಲ್ಲಿಯೂ ಹಬ್ಬಿತು. ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರಿನಂಥ ನಗರಗಳ ಮದುವೆಗಳಲ್ಲಿ ಈಗ ಸಾಂಪ್ರದಾಯಿಕ ಛಾಯಾಗ್ರಾಹಕರೊಡನೆ ಕ್ಯಾಂಡಿಡ್ ಛಾಯಾಗ್ರಾಹಕರನ್ನೂ ಗೊತ್ತುಮಾಡುವುದು ಸಾಮಾನ್ಯವಾಗಿದೆ.

ಸಹಜ ಕ್ಷಣಗಳಿಗೆ ಕನ್ನಡ ನಾಡಿನ ಮದುವೆಯಲ್ಲಿ ಬರವಿಲ್ಲ. ಅಂತರಪಟ ಸರಿದೊಡನೆ ಜೀರಿಗೆ ಬೆಲ್ಲ ಹಾಕಲು ಇಬ್ಬರೂ ಪೈಪೋಟಿಗಿಳಿಯುತ್ತಾರೆ. ಧಾರೆ ಎರೆಯುವಾಗ ಹೆಣ್ಣಿನ ತಂದೆಯ ಕೈ ನಡುಗುತ್ತದೆ, ತಾಯಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾಳೆ. ಆದರೆ ಇದೇ ಹೊತ್ತಿಗೆ ಮಂಟಪದ ಸುತ್ತ ಕ್ಯಾಮೆರಾಗಳ ಗೋಡೆಯೆದ್ದು, ಮುಂದಿನ ಸಾಲಿನಲ್ಲಿ ಕುಳಿತ ಬಂಧುಗಳಿಗೇ ಮುಹೂರ್ತ ಕಾಣದಾಗುವುದುಂಟು. ತಾಳಿ ಕಟ್ಟುವ ಕೈಯನ್ನು ಅರ್ಧದಲ್ಲಿ ತಡೆದು, ಸ್ವಲ್ಪ ಈ ಕಡೆ ನೋಡಿ ಸಾರ್ ಎನ್ನುವುದೂ ಉಂಟು. ಇನ್ನು ಕ್ಯಾಂಡಿಡ್ ಹೆಸರಿನಲ್ಲಿಯೇ ವಧೂವರರಿಗೆ ನಗುವುದನ್ನು ಹೇಳಿಕೊಟ್ಟು ತೆಗೆಯುವ ಚಿತ್ರಗಳು ಹಳೆಯ ಭಂಗಿ ಪದ್ಧತಿಯ ಹೊಸ ರೂಪವಷ್ಟೆ.

ಛಾಯಾಗ್ರಾಹಕರನ್ನು ಗೊತ್ತುಮಾಡುವ ಕುಟುಂಬಗಳು ಆಯ್ದ ಹತ್ತಾರು ಚಿತ್ರಗಳಿಗೆ ಮಾರುಹೋಗದೆ, ಒಂದೇ ಮದುವೆಯ ಪೂರ್ಣ ಸಂಗ್ರಹವನ್ನು ತೋರಿಸುವಂತೆ ಕೇಳುವುದು ಒಳಿತು. ಮನೆಯ ಹಿರಿಯರು ಯಾರು, ತಪ್ಪಿಸಬಾರದ ಶಾಸ್ತ್ರ ಯಾವುದು ಎಂಬುದನ್ನು ಮುಂಚಿತವಾಗಿ ತಿಳಿಸಬೇಕು. ಯಾವ ಚಿತ್ರಗಳು ಮನೆಯಿಂದಾಚೆ ಹೋಗಬಾರದು ಎಂಬುದನ್ನೂ ಆಗಲೇ ಮಾತಾಡಿಕೊಳ್ಳಬೇಕು. ಇಷ್ಟಾದ ಮೇಲೆ ಮುಹೂರ್ತದ ಹೊತ್ತಿನಲ್ಲಿ ಕ್ಯಾಮೆರಾವನ್ನು ಮರೆತು ಮದುವೆಯಲ್ಲಿ ತೊಡಗುವುದು ಮನೆಯವರ ಪಾಲಿನ ಕೆಲಸ. ಕಂಬರ್‌ಲ್ಯಾಂಡ್ ದ್ವೀಪದ ಆ ಸಂಜೆ ವರನೂ ವಧುವೂ ಮಾಡಿದ್ದು ಅದನ್ನೇ.