ಕ್ಲೋಸ್ಡ್-ಬ್ಯಾಕ್ ಹೆಡ್‌ಫೋನ್ ಕೊಳ್ಳುವ ಮುನ್ನ: ಬೆಲೆ, ಬ್ರ್ಯಾಂಡ್‌ಗಿಂತ ಮೊದಲು ನೋಡಬೇಕಾದದ್ದೇನು?

ಇಯರ್‌ಬಡ್‌ನಲ್ಲಿ ಹಾಡು ಕೇಳಿ ಸಾಕಾಗಿದೆ, ಸಂಗೀತಕ್ಕೆಂದೇ ಒಂದು ಒಳ್ಳೆಯ ಹೆಡ್‌ಫೋನ್ ಕೊಳ್ಳೋಣ ಎಂದುಕೊಂಡಿದ್ದೀರಾ? ಮುಂಬೈ ಲೋಕಲ್‌ನ ಗದ್ದಲ, ಪುಣೆಯ ಪಿಜಿಯಲ್ಲಿ ಪಕ್ಕದ ಮಂಚದವರ ಮಾತು, ಚೆನ್ನೈನ ಮನೆಯಲ್ಲಿ ದಿನವಿಡೀ ತಿರುಗುವ ಫ್ಯಾನ್ ಸದ್ದು, ಇವುಗಳ ನಡುವೆ ಹಾಡು ಕೇಳುವವರಿಗೆ ಕ್ಲೋಸ್ಡ್-ಬ್ಯಾಕ್ ಹೆಡ್‌ಫೋನ್ ಸೂಕ್ತ ಆಯ್ಕೆ. ಆದರೆ ಅಂಗಡಿಗೆ ಹೋದರೆ ಅಥವಾ ಆನ್‌ಲೈನ್‌ನಲ್ಲಿ ಹುಡುಕಿದರೆ ಡ್ರೈವರ್ ಗಾತ್ರ, ಓಮ್, ಹರ್ಟ್ಜ್ ಎಂಬ ಅಂಕಿಗಳ ರಾಶಿಯೇ ಎದುರಾಗುತ್ತದೆ. ಇವುಗಳಲ್ಲಿ ಯಾವುದು ಮುಖ್ಯ, ಯಾವುದನ್ನು ಬಿಟ್ಟುಬಿಡಬಹುದು?

ಈ ಲೇಖನದಲ್ಲಿ ಮಧ್ಯಮ ಬೆಲೆ ಎಂದರೆ ಸುಮಾರು 7,000ದಿಂದ 18,000 ರೂಪಾಯಿ ಎಂದು ಇಟ್ಟುಕೊಳ್ಳೋಣ. ಸ್ಟುಡಿಯೋಗಳಲ್ಲಿ ವರ್ಷಗಟ್ಟಲೆ ಬಳಕೆಯಲ್ಲಿರುವ ಹಲವು ಹೆಡ್‌ಫೋನ್‌ಗಳು ಸಿಗುವುದು ಈ ವ್ಯಾಪ್ತಿಯಲ್ಲೇ.

ಕ್ಲೋಸ್ಡ್-ಬ್ಯಾಕ್ ಎಂದರೇನು?

ಹೆಡ್‌ಫೋನ್‌ನ ಕಪ್ ಒಳಗೆ ಡ್ರೈವರ್ ಎಂಬ ಪುಟ್ಟ ಸ್ಪೀಕರ್ ಇರುತ್ತದೆ. ಅದು ಕಂಪಿಸಿದಾಗ ಧ್ವನಿ ಕಿವಿಯ ಕಡೆಗೂ ಹೋಗುತ್ತದೆ, ಹಿಂದಕ್ಕೂ ಹೋಗುತ್ತದೆ. ಕಪ್‌ನ ಹಿಂಭಾಗದಲ್ಲಿ ಜಾಲರಿ ಇಟ್ಟು ಆ ಧ್ವನಿಯನ್ನು ಹೊರಬಿಟ್ಟರೆ ಅದು ಓಪನ್-ಬ್ಯಾಕ್. ಹಿಂಭಾಗವನ್ನು ಮುಚ್ಚಿದರೆ ಕ್ಲೋಸ್ಡ್-ಬ್ಯಾಕ್.

ಓಪನ್-ಬ್ಯಾಕ್‌ನಲ್ಲಿ ಸಂಗೀತ ವಿಶಾಲವಾಗಿ, ತಲೆಯ ಹೊರಗೆ ಹರಡಿದಂತೆ ಕೇಳುತ್ತದೆ. ಆದರೆ ಹೊರಗಿನ ಸದ್ದೆಲ್ಲ ಒಳಗೆ ಬರುತ್ತದೆ, ನಿಮ್ಮ ಹಾಡು ಪಕ್ಕದವರಿಗೂ ಕೇಳಿಸುತ್ತದೆ. ಕ್ಲೋಸ್ಡ್-ಬ್ಯಾಕ್‌ನಲ್ಲಿ ಈ ಎರಡು ತೊಂದರೆಗಳೂ ಕಡಿಮೆ. ಬದಲಿಗೆ ಧ್ವನಿ ಸ್ವಲ್ಪ ಇಕ್ಕಟ್ಟಾದಂತೆ ಅನಿಸಬಹುದು, ಕಿವಿ ಬೇಗ ಬೆವರಬಹುದು. ಮನೆಯಲ್ಲಿ ನಿಮಗೊಂದು ನಿಶ್ಶಬ್ದ ಕೋಣೆ ಇದ್ದರೆ ಓಪನ್-ಬ್ಯಾಕ್ ಬಗ್ಗೆಯೂ ಯೋಚಿಸಬಹುದು. ಇಲ್ಲದವರಿಗೆ ಕ್ಲೋಸ್ಡ್-ಬ್ಯಾಕ್ ವಾಸಿ.

ಪ್ಯಾಡ್ ಸರಿಯಾಗಿ ಕೂರದಿದ್ದರೆ ಬೇಸ್ ಇಲ್ಲ

ಕ್ಲೋಸ್ಡ್-ಬ್ಯಾಕ್ ವಿಷಯದಲ್ಲಿ ಮೊದಲು ತಿಳಿಯಬೇಕಾದದ್ದು ಇದೇ. ಕಿವಿಯ ಸುತ್ತ ಪ್ಯಾಡ್ ಸಂದಿಲ್ಲದೆ ಕೂತಾಗ ಮಾತ್ರ ಒಳಗಿನ ಗಾಳಿಯ ಒತ್ತಡ ಉಳಿದು ಬೇಸ್ ಸರಿಯಾಗಿ ಕೇಳುತ್ತದೆ. ಒಂದು ಕಡೆ ಸಣ್ಣ ಸಂದು ಉಳಿದರೂ ಮೊದಲು ಸೋರಿಹೋಗುವುದು ಕೆಳಸ್ತರದ ಧ್ವನಿ. ಹೊರಗಿನ ಸದ್ದು ಒಳಗೆ ನುಗ್ಗುವುದೂ ಅದೇ ಸಂದಿನಿಂದ.

ಕನ್ನಡಕದ ಕಡ್ಡಿ, ದಪ್ಪ ಕೂದಲು, ಕಿವಿಯ ಓಲೆ, ದವಡೆಯ ಆಕಾರ, ಇವೆಲ್ಲ ಸಂದಿಗೆ ಕಾರಣವಾಗುತ್ತವೆ. ಹೀಗಾಗಿ ಒಂದೇ ಮಾದರಿಯನ್ನು ಇಬ್ಬರು ಹಾಕಿಕೊಂಡರೆ ಒಬ್ಬರು 'ಬೇಸ್ ಚೆನ್ನಾಗಿದೆ' ಎನ್ನಬಹುದು, ಇನ್ನೊಬ್ಬರು 'ಬೇಸೇ ಇಲ್ಲ' ಎನ್ನಬಹುದು. ಅವರವರ ತಲೆಗೆ ಇಬ್ಬರ ಮಾತೂ ನಿಜ. ಆನ್‌ಲೈನ್ ವಿಮರ್ಶೆಗಳು ಒಂದಕ್ಕೊಂದು ಹೊಂದದಿರಲು ಇದೂ ಒಂದು ಕಾರಣ.

ಇದನ್ನು ಪರೀಕ್ಷಿಸುವುದು ಸುಲಭ. ಹಾಡು ಹಾಕಿ, ಎರಡೂ ಕಪ್‌ಗಳನ್ನು ಅಂಗೈಯಿಂದ ಮೆಲ್ಲಗೆ ತಲೆಯ ಕಡೆಗೆ ಒತ್ತಿ. ಬೇಸ್ ಥಟ್ಟನೆ ಹೆಚ್ಚಾದರೆ ಆ ಹೆಡ್‌ಫೋನ್ ನಿಮ್ಮ ತಲೆಗೆ ಸರಿಯಾಗಿ ಕೂತಿಲ್ಲ ಎಂದರ್ಥ. ಹೆಚ್ಚು ವ್ಯತ್ಯಾಸ ಕಾಣದಿದ್ದರೆ ಸರಿಯಾಗಿಯೇ ಕೂತಿದೆ. ಕನ್ನಡಕ ಧರಿಸುವವರು ಈ ಪರೀಕ್ಷೆಯನ್ನು ಕನ್ನಡಕ ಹಾಕಿಕೊಂಡೇ ಮಾಡಬೇಕು.

ಬೆಲೆ ಹೆಚ್ಚಿದರೆ ಧ್ವನಿಯೂ ಹೆಚ್ಚು ಚೆನ್ನಾಗಿರುತ್ತದೆಯೇ?

ಹಾಗೇನಿಲ್ಲ. ಸಂಶೋಧಕ ಯೆರೂನ್ ಬ್ರೇಬಾರ್ಟ್ 2017ರಲ್ಲಿ 283 ಹೆಡ್‌ಫೋನ್‌ಗಳ ಅಳತೆಗಳನ್ನು ಅವುಗಳ ಬೆಲೆಯೊಂದಿಗೆ ಹೋಲಿಸಿ ನೋಡಿದರು. ಬೇಸ್‌ನಿಂದ ಟ್ರೆಬಲ್‌ವರೆಗೆ ಯಾವ ಸ್ತರದ ಧ್ವನಿ ಎಷ್ಟು ಕೇಳುತ್ತದೆ ಎಂಬುದಕ್ಕೂ ಬೆಲೆಗೂ ಸಂಬಂಧ ಕಾಣಲಿಲ್ಲ ಎಂಬುದು ಅವರ ತೀರ್ಮಾನ. ಹೆಚ್ಚು ಹಣ ಕೊಟ್ಟಾಗ ಗಟ್ಟಿಮುಟ್ಟಾದ ದೇಹ, ಮೆತ್ತಗಿನ ಪ್ಯಾಡ್, ಬಿಡಿಭಾಗಗಳ ಲಭ್ಯತೆ ಸಿಗಬಹುದು. ಧ್ವನಿಯೂ ಅದಕ್ಕೆ ತಕ್ಕಂತೆ ಸುಧಾರಿಸುತ್ತದೆ ಎಂಬ ಖಾತ್ರಿ ಇಲ್ಲ.

ಹಾಗಾದರೆ ಒಳ್ಳೆಯ ಧ್ವನಿ ಎಂದರೇನು? ಹರ್ಮನ್ ಸಂಸ್ಥೆಯಲ್ಲಿ ಶಾನ್ ಓಲಿವ್, ಟಾಡ್ ವೆಲ್ಟಿ ಮತ್ತು ಸಂಗಡಿಗರು ಈ ಪ್ರಶ್ನೆಯ ಮೇಲೆ ಹಲವು ವರ್ಷ ಕೇಳುಗರ ಪರೀಕ್ಷೆಗಳನ್ನು ನಡೆಸಿದರು. ಒಳ್ಳೆಯ ಕೋಣೆಯಲ್ಲಿ ಒಳ್ಳೆಯ ಸ್ಪೀಕರ್ ಕೇಳಿದಂತಿರುವ, ಬೇಸ್ ತುಸು ಮೇಲಿರುವ ಧ್ವನಿಯನ್ನೇ ಹೆಚ್ಚಿನವರು ಮೆಚ್ಚಿದರು. ಇದನ್ನು ಆಧರಿಸಿದ ರೇಖೆಯೇ 'ಹರ್ಮನ್ ಟಾರ್ಗೆಟ್'. ವಿಮರ್ಶೆಗಳಲ್ಲಿ ಗ್ರಾಫ್ ಕಂಡಾಗ ಹೋಲಿಸಲು ಅದು ಅನುಕೂಲ. ಆದರೆ ಅದು ಬಹುಮತದ ರುಚಿ, ನಿಮ್ಮ ರುಚಿ ಬೇರೆ ಇದ್ದರೆ ತಪ್ಪಲ್ಲ.

ಡಬ್ಬದ ಮೇಲಿನ ಅಂಕಿಗಳು: ಯಾವುದನ್ನು ನಂಬಬೇಕು?

ಡ್ರೈವರ್ ಗಾತ್ರ: 50 ಎಂಎಂ ಡ್ರೈವರ್ 40 ಎಂಎಂಗಿಂತ ಒಳ್ಳೆಯದು ಎಂಬ ನಿಯಮವಿಲ್ಲ. ಸ್ಟುಡಿಯೋಗಳಲ್ಲಿ ದಶಕಗಳಿಂದ ಬಳಕೆಯಲ್ಲಿರುವ ಸೋನಿ ಎಂಡಿಆರ್-7506ರಲ್ಲಿರುವುದು 40 ಎಂಎಂ ಡ್ರೈವರೇ.

ಫ್ರೀಕ್ವೆನ್ಸಿ ವ್ಯಾಪ್ತಿ: ಮನುಷ್ಯರ ಕಿವಿಗೆ ಕೇಳುವುದು ಸುಮಾರು 20ರಿಂದ 20,000 ಹರ್ಟ್ಜ್‌ವರೆಗೆ, ವಯಸ್ಸಾದಂತೆ ಮೇಲಿನ ಮಿತಿ ಇನ್ನೂ ಇಳಿಯುತ್ತದೆ. ಡಬ್ಬದ ಮೇಲೆ '5ರಿಂದ 35,000 ಹರ್ಟ್ಜ್' ಎಂದು ಬರೆದಿದ್ದರೆ ಅದರಿಂದ ಧ್ವನಿಯ ಗುಣ ಗೊತ್ತಾಗುವುದಿಲ್ಲ. ಈ ಅಂಕಿಯನ್ನು ಬಿಟ್ಟುಬಿಡಿ.

ಇಂಪಿಡೆನ್ಸ್ ಮತ್ತು ಸೆನ್ಸಿಟಿವಿಟಿ: ಇವೆರಡನ್ನು ಒಟ್ಟಿಗೆ ನೋಡಬೇಕು. ನಿಮ್ಮ ಫೋನ್‌ನ ಡಾಂಗಲ್ 1 ವೋಲ್ಟ್ ಕೊಡುತ್ತದೆ ಎಂದುಕೊಳ್ಳಿ. 32 ಓಮ್ ಹೆಡ್‌ಫೋನ್‌ಗೆ ಅದರಿಂದ ಸುಮಾರು 31 ಮಿಲಿವ್ಯಾಟ್ ಸಿಗುತ್ತದೆ, 250 ಓಮ್‌ನದಕ್ಕೆ ಬರೀ 4 ಮಿಲಿವ್ಯಾಟ್. ಎರಡರ ಸೆನ್ಸಿಟಿವಿಟಿ ಮಿಲಿವ್ಯಾಟ್‌ಗೆ 96 ಡೆಸಿಬೆಲ್ ಇದ್ದರೆ ಮೊದಲನೆಯದು ಗರಿಷ್ಠ 111 ಡೆಸಿಬೆಲ್, ಎರಡನೆಯದು 102 ಡೆಸಿಬೆಲ್ ತಲುಪುತ್ತದೆ. ಈಗಿನ ಸಿನಿಮಾ ಹಾಡುಗಳಿಗೆ ಎರಡೂ ಸಾಕು. ಕಡಿಮೆ ಮಟ್ಟದಲ್ಲಿ ರೆಕಾರ್ಡ್ ಆದ ಶಾಸ್ತ್ರೀಯ ಸಂಗೀತಕ್ಕೆ ಎರಡನೆಯದರಲ್ಲಿ ಧ್ವನಿ ಕಡಿಮೆಯಾಯಿತು ಎನಿಸಬಹುದು. ಫೋನ್, ಲ್ಯಾಪ್‌ಟಾಪ್‌ನಲ್ಲೇ ಕೇಳುವವರು 80 ಓಮ್‌ಗಿಂತ ಕಡಿಮೆ ಇರುವುದನ್ನು ಆರಿಸಿಕೊಂಡರೆ ಪ್ರತ್ಯೇಕ ಆಂಪ್ಲಿಫೈಯರ್‌ನ ಖರ್ಚು ಉಳಿಯುತ್ತದೆ.

ನಿಮ್ಮ ಫೋನ್‌ನಲ್ಲಿ 3.5 ಎಂಎಂ ಜ್ಯಾಕ್ ಇಲ್ಲದಿದ್ದರೆ ಡಾಂಗಲ್‌ನ ಬೆಲೆಯನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಈ ವರ್ಗದ ಪರಿಚಿತ ಮಾದರಿಗಳು

ಸೋನಿ ಎಂಡಿಆರ್-7506: 1991ರಿಂದ ಮಾರುಕಟ್ಟೆಯಲ್ಲಿದೆ. ಸುಮಾರು 230 ಗ್ರಾಂ, 63 ಓಮ್. ಹಾಡುಗಾರರ ದನಿ, ಮಾತು ತುಂಬ ಸ್ಪಷ್ಟ. ಟ್ರೆಬಲ್ ತುಸು ಚುರುಕು. ಸುರುಳಿ ಕೇಬಲ್ ಕಳಚಲು ಬರುವುದಿಲ್ಲ, ಫೋನ್ ಜೊತೆ ಓಡಾಡುವವರಿಗೆ ಅದು ಭಾರ.

ಆಡಿಯೋ-ಟೆಕ್ನಿಕಾ ಎಟಿಎಚ್-ಎಂ50ಎಕ್ಸ್: 45 ಎಂಎಂ ಡ್ರೈವರ್, 38 ಓಮ್, 285 ಗ್ರಾಂ. ಫೋನ್‌ನಲ್ಲೇ ಸರಾಗವಾಗಿ ಕೇಳಬಹುದು. ಬೇಸ್ ಮತ್ತು ಟ್ರೆಬಲ್ ಎರಡೂ ಎದ್ದು ಕೇಳುತ್ತವೆ, ಸಿನಿಮಾ ಹಾಡು ಕೇಳುವವರಿಗೆ ಇಷ್ಟವಾಗುವಂಥದ್ದು. ಮಡಚಬಹುದು, ಕೇಬಲ್ ಕಳಚಬಹುದು. ಎಂ40ಎಕ್ಸ್ ಇದರ ಅಗ್ಗದ ತಮ್ಮ. ಧ್ವನಿ ಇನ್ನಷ್ಟು ಸಮತೋಲದ್ದು, ತೂಕವೂ ಕಡಿಮೆ.

ಬೇಯರ್‌ಡೈನಾಮಿಕ್ ಡಿಟಿ 770 ಪ್ರೊ: ಜರ್ಮನಿಯ ಈ ಮಾದರಿ 32, 80 ಮತ್ತು 250 ಓಮ್‌ಗಳಲ್ಲಿ ಸಿಗುತ್ತದೆ. 80 ಮತ್ತು 250 ಓಮ್‌ನವುಗಳಿಗೆ ಮಖಮಲ್‌ನಂಥ ಪ್ಯಾಡ್ ಇರುವುದರಿಂದ ಸೆಕೆಯಲ್ಲೂ ಹೆಚ್ಚು ಹೊತ್ತು ಹಾಕಿಕೊಳ್ಳಬಹುದು. ಆಳವಾದ ಬೇಸ್, ಹರಿತವಾದ ಟ್ರೆಬಲ್. 'ಸ', 'ಶ' ಅಕ್ಷರಗಳು ಚುಚ್ಚಿದಂತೆ ಕೇಳುವುದು ಸಹಿಸದವರು ಮೊದಲು ಕೇಳಿ ನೋಡಬೇಕು. ಕೇಬಲ್ ಕಳಚುವುದಿಲ್ಲ. 2024ರಲ್ಲಿ ಬಂದ ಡಿಟಿ 770 ಪ್ರೊ ಎಕ್ಸ್‌ನಲ್ಲಿ 48 ಓಮ್ ಡ್ರೈವರ್ ಮತ್ತು ಕಳಚುವ ಕೇಬಲ್ ಇದೆ.

ಎಕೆಜಿ ಕೆ371: ಹರ್ಮನ್ ಟಾರ್ಗೆಟ್‌ಗೆ ತೀರಾ ಹತ್ತಿರವಿರುವ ಧ್ವನಿ. 32 ಓಮ್, 255 ಗ್ರಾಂ, ಕಳಚುವ ಕೇಬಲ್. ಆದರೆ ಪ್ಯಾಡ್ ಸಂದಿಲ್ಲದೆ ಕೂತರೆ ಮಾತ್ರ ಆ ಧ್ವನಿ ಸಿಗುತ್ತದೆ. ಕನ್ನಡಕದವರು ಹಾಕಿ ನೋಡದೆ ಕೊಳ್ಳದಿರುವುದು ಒಳ್ಳೆಯದು.

ಸೆನ್‌ಹೈಸರ್ ಎಚ್‌ಡಿ 280 ಪ್ರೊ: ಹೊರಗಿನ ಸದ್ದನ್ನು 32 ಡೆಸಿಬೆಲ್‌ವರೆಗೆ ತಡೆಯುತ್ತದೆ ಎನ್ನುತ್ತದೆ ಕಂಪನಿ. ಅದಕ್ಕೆ ತಕ್ಕಂತೆ ತಲೆಯನ್ನು ಬಿಗಿಯಾಗಿ ಹಿಡಿಯುತ್ತದೆ. ಗದ್ದಲದ ನಡುವೆ ಕೇಳುವವರಿಗೆ ಸರಿ, ಮೂರು ಗಂಟೆ ಒಂದೇ ಸಮನೆ ಹಾಕಿಕೊಳ್ಳುವವರಿಗೆ ಕಷ್ಟ.

ಅಂಗಡಿಯಲ್ಲಿ ಏನು ಕೇಳಿ ನೋಡಬೇಕು?

ಮುಂಬೈನ ಲ್ಯಾಮಿಂಗ್ಟನ್ ರೋಡ್, ಚೆನ್ನೈನ ರಿಚಿ ಸ್ಟ್ರೀಟ್, ದೆಹಲಿಯ ನೆಹರೂ ಪ್ಲೇಸ್‌ನಂಥ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆಗಳ ಜೊತೆಗೆ ನಿಮ್ಮ ಊರಿನ ಸಂಗೀತ ವಾದ್ಯಗಳ ದೊಡ್ಡ ಅಂಗಡಿಗಳಲ್ಲೂ ವಿಚಾರಿಸಿ. ಸ್ಟುಡಿಯೋ ಹೆಡ್‌ಫೋನ್‌ಗಳು ಅಲ್ಲಿಯೂ ಇರುತ್ತವೆ. ಹೋಗುವ ಮೊದಲು ಫೋನ್ ಮಾಡಿ 'ಹಾಕಿ ನೋಡಲು ಡೆಮೊ ಪೀಸ್ ಇದೆಯೇ' ಎಂದು ಕೇಳಿಕೊಳ್ಳಿ. ಅಂಗಡಿಯವರು ಹಾಕುವ ಹಾಡಿನ ಬದಲು ನಿಮಗೆ ಬಾಯಿಪಾಠವಾಗಿರುವ ಹಾಡುಗಳನ್ನು ಫೋನ್‌ನಲ್ಲಿ ಡೌನ್‌ಲೋಡ್ ಮಾಡಿಕೊಂಡು ಹೋಗಿ.

* 1960ರ ದಶಕದ ಒಂದು ಕನ್ನಡ ಚಿತ್ರಗೀತೆ: ಆ ಕಾಲದ ಮೊನೊ ರೆಕಾರ್ಡಿಂಗ್‌ನಲ್ಲಿ ಎರಡೂ ಕಿವಿಗೆ ಬರುವುದು ಒಂದೇ ಧ್ವನಿ. ಹಾಡು ತಲೆಯ ನಟ್ಟನಡುವೆ ಕೇಳಬೇಕು. ಒಂದು ಕಡೆಗೆ ವಾಲಿದರೆ ಎಡಬಲದ ಡ್ರೈವರ್‌ಗಳು ಸಮವಾಗಿಲ್ಲ, ಇಲ್ಲವೇ ಒಂದು ಕಪ್ ಸರಿಯಾಗಿ ಕೂತಿಲ್ಲ.
* ಇಳಯರಾಜ ಸಂಗೀತದ ಒಂದು ಹಾಡು: 'ಗೀತಾ', 'ಪಲ್ಲವಿ ಅನುಪಲ್ಲವಿ' ಚಿತ್ರಗಳ ಹಾಡು ಯಾವುದಾದರೂ ಆದೀತು. ಬೇಸ್ ಗಿಟಾರ್‌ನ ಒಂದೊಂದು ಸ್ವರವೂ ಬೇರೆಬೇರೆಯಾಗಿ ಕೇಳಬೇಕು. ಬರೀ 'ಧಂ ಧಂ' ಎಂದರೆ ಬೇಸ್ ಹೆಚ್ಚಾಗಿದೆಯೇ ಹೊರತು ಒಳ್ಳೆಯದಾಗಿಲ್ಲ.
* ತಬಲಾ ಇರುವ ಹಿಂದೂಸ್ತಾನಿ ಗಾಯನ: ಡಗ್ಗದ ಮೇಲೆ ಅಂಗೈ ಜಾರಿದಾಗ ಸ್ವರ ಏರಿಳಿಯುವುದು ಗೊತ್ತಾಗಬೇಕು. ಹಿಂದಿನ ತಂಬೂರಿಯ ಝೇಂಕಾರ ಕೇಳಬೇಕು, ಆದರೆ ಹಾಡುಗಾರರ ದನಿಯ ಮೇಲೇರಬಾರದು.
* 'ಸ', 'ಶ', 'ಚ' ಹೆಚ್ಚಿರುವ ಭಾವಗೀತೆ: ಈ ಅಕ್ಷರಗಳು ಕಿವಿಗೆ ಚುಚ್ಚಿದರೆ ಅರ್ಧ ಗಂಟೆಯಲ್ಲಿ ತಲೆ ಭಾರವಾಗುತ್ತದೆ.

ಎರಡು ಹೆಡ್‌ಫೋನ್ ಹೋಲಿಸುವಾಗ ವಾಲ್ಯೂಮ್ ಸಮ ಮಾಡಿಕೊಳ್ಳಿ. ಸ್ವಲ್ಪ ಜೋರಾಗಿರುವುದೇ ಚೆನ್ನಾಗಿದೆ ಎಂದು ಕಿವಿ ಸುಲಭವಾಗಿ ಮೋಸಹೋಗುತ್ತದೆ. ಕೊನೆಗೆ ಆರಿಸಿದ್ದನ್ನು ಕನಿಷ್ಠ 15 ನಿಮಿಷ ತೆಗೆಯದೆ ಹಾಕಿಕೊಂಡಿರಿ. ನೆತ್ತಿ ನೋಯುತ್ತದೆಯೇ, ಕಿವಿಯ ಅಂಚು ಒಳಗೆ ತಾಗುತ್ತದೆಯೇ ಎಂಬುದು ಆಗಷ್ಟೇ ಗೊತ್ತಾಗುತ್ತದೆ.

ಆನ್‌ಲೈನ್‌ನಲ್ಲಿ ಕೊಳ್ಳುವುದಾದರೆ ಹಣ ವಾಪಸ್ ಸಿಗುತ್ತದೆಯೇ ಅಥವಾ ಬದಲಿ ಪೀಸ್ ಮಾತ್ರವೇ ಎಂಬುದನ್ನು ಮೊದಲೇ ಓದಿಕೊಳ್ಳಿ. ಜನಪ್ರಿಯ ಮಾದರಿಗಳಿಗೆ ನಕಲಿಗಳೂ ಇವೆ. ಅಧಿಕೃತ ಮಾರಾಟಗಾರರೇ, ಭಾರತದಲ್ಲಿ ವಾರಂಟಿ ಇದೆಯೇ ಎಂದು ಖಚಿತಪಡಿಸಿಕೊಳ್ಳಿ. ಅರ್ಧ ಬೆಲೆಗೆ ಸಿಗುತ್ತಿದ್ದರೆ ಅನುಮಾನಿಸಿ.

ವೈರ್‌ಲೆಸ್ ಬೇಡವೇ?

ಇದೇ ಬೆಲೆಗೆ ಬ್ಲೂಟೂತ್ ಹೆಡ್‌ಫೋನ್‌ಗಳೂ ಸಿಗುತ್ತವೆ. ನಾಯ್ಸ್ ಕ್ಯಾನ್ಸಲಿಂಗ್ ಇದ್ದರೆ ರೈಲು, ವಿಮಾನ, ಎಸಿಯಂಥ ಒಂದೇ ಸಮನೆಯ ಕೆಳಸ್ತರದ ಸದ್ದು ಚೆನ್ನಾಗಿ ತಗ್ಗುತ್ತದೆ. ಜನರ ಮಾತು, ಹಾರ್ನ್‌ನಂಥ ಸದ್ದಿನ ಮೇಲೆ ಅದರ ಪರಿಣಾಮ ಕಡಿಮೆ, ಅದನ್ನು ತಡೆಯಬೇಕಾದದ್ದು ಪ್ಯಾಡ್ ಮತ್ತು ಕಪ್. ದಿನಾ ಎರಡು ಗಂಟೆ ಪ್ರಯಾಣಿಸುವವರಿಗೆ ವೈರ್‌ಲೆಸ್ ಅನುಕೂಲ ದೊಡ್ಡದೇ. ಆದರೆ ಬೆಲೆಯ ಒಂದು ಪಾಲು ಬ್ಯಾಟರಿ, ಚಿಪ್, ಮೈಕ್‌ಗಳಿಗೆ ಹೋಗುತ್ತದೆ, ಬ್ಯಾಟರಿ ಕೆಲವು ವರ್ಷಗಳಲ್ಲಿ ಸೊರಗುತ್ತದೆ. ಮನೆಯಲ್ಲಿ ಕೂತು ಸಂಗೀತವನ್ನೇ ಕೇಳುವವರಿಗೆ ವೈರ್ ಇರುವುದೇ ಹೆಚ್ಚು ಬಾಳಿಕೆಯದ್ದು.

ಕಿವಿ ಉಳಿದರೆ ಸಂಗೀತ

ಹೊರಗಿನ ಗದ್ದಲ ಮೀರಿಸಲು ವಾಲ್ಯೂಮ್ ಏರಿಸುವುದು ಎಲ್ಲರ ಅಭ್ಯಾಸ. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯಂತೆ ವಯಸ್ಕರು 80 ಡೆಸಿಬೆಲ್ ಮಟ್ಟದಲ್ಲಿ ವಾರಕ್ಕೆ 40 ಗಂಟೆ ಕೇಳಬಹುದು. 90 ಡೆಸಿಬೆಲ್‌ಗೆ ಏರಿಸಿದರೆ ಸುರಕ್ಷಿತ ಅವಧಿ ವಾರಕ್ಕೆ ಕೇವಲ 4 ಗಂಟೆ. ಮಕ್ಕಳಿಗೆ ಮಿತಿ 75 ಡೆಸಿಬೆಲ್. ಜೋರು ಸದ್ದಿನಿಂದ ಒಳಕಿವಿಯ ಸೂಕ್ಷ್ಮ ರೋಮಕೋಶಗಳು ಸತ್ತರೆ ಮತ್ತೆ ಹುಟ್ಟುವುದಿಲ್ಲ.

ಸರಿಯಾಗಿ ಕೂರುವ ಕ್ಲೋಸ್ಡ್-ಬ್ಯಾಕ್‌ನ ನಿಜವಾದ ಲಾಭ ಇಲ್ಲಿದೆ. ಹೊರಗಿನ ಸದ್ದು 10 ಡೆಸಿಬೆಲ್ ತಗ್ಗಿದರೆ ನಿಮ್ಮ ವಾಲ್ಯೂಮನ್ನೂ ಅಷ್ಟೇ ಇಳಿಸಬಹುದು. ಹಲವು ಫೋನ್‌ಗಳಲ್ಲಿ ವಾಲ್ಯೂಮ್ ಮಿತಿ ಹಾಕುವ ಸೌಲಭ್ಯವಿದೆ, ಬಳಸಿಕೊಳ್ಳಿ. ರಸ್ತೆ ದಾಟುವಾಗ, ರೈಲು ಹಳಿಯ ಬಳಿ ಮಾತ್ರ ಹೆಡ್‌ಫೋನ್ ತೆಗೆದೇಬಿಡಿ. ಸದ್ದು ತಡೆಯುವ ಗುಣವೇ ಅಲ್ಲಿ ಅಪಾಯ.

ಐದಾರು ವರ್ಷ ಬಾಳಬೇಕಾದರೆ

ಕೃತಕ ಚರ್ಮದ ಪ್ಯಾಡ್ ಬೆವರು, ತೇವಕ್ಕೆ ಸಿಪ್ಪೆ ಸುಲಿಯುತ್ತದೆ. ಮುಂಬೈ, ಚೆನ್ನೈನಂಥ ಕಡಲ ತೀರದ ಊರುಗಳಲ್ಲಿ ಇದು ಇನ್ನೂ ಬೇಗ. ಹಳೆಯ ಪ್ಯಾಡ್ ಚಪ್ಪಟೆಯಾದರೆ ಸಂದು ಉಳಿದು ಬೇಸ್ ಕುಸಿಯುತ್ತದೆ, ಜನ ಹೆಡ್‌ಫೋನೇ ಹಾಳಾಯಿತು ಎಂದುಕೊಳ್ಳುತ್ತಾರೆ. ಕೊಳ್ಳುವ ಮೊದಲೇ ಆ ಮಾದರಿಯ ಬದಲಿ ಪ್ಯಾಡ್ ಇಲ್ಲಿ ಸಿಗುತ್ತದೆಯೇ ಎಂದು ನೋಡಿ. ಬೇರೆ ಕಂಪನಿಯ ದಪ್ಪ ಪ್ಯಾಡ್ ಹಾಕಿದರೆ ಧ್ವನಿಯೂ ಬದಲಾಗುತ್ತದೆ ಎಂಬುದು ನೆನಪಿರಲಿ. ಬಳಸಿದ ನಂತರ ಒಣ ಬಟ್ಟೆಯಿಂದ ಒರೆಸಿಡಿ. ಕೇಬಲ್ ಕಳಚುವಂತಿದ್ದರೆ ವೈರ್ ತುಂಡಾದಾಗ ಕೇಬಲ್ ಮಾತ್ರ ಬದಲಿಸಿದರೆ ಸಾಕು.

ಕೊಂಡ ಮೇಲೆ ಧ್ವನಿ ತುಸು ಹೆಚ್ಚುಕಡಿಮೆ ಎನಿಸಿದರೆ ಈಕ್ವಲೈಸರ್‌ನಲ್ಲಿ ಸರಿಪಡಿಸಬಹುದು. ವಿಂಡೋಸ್‌ಗೆ ಈಕ್ವಲೈಸರ್ ಎಪಿಒ, ಆಂಡ್ರಾಯ್ಡ್‌ಗೆ ವೇವ್‌ಲೆಟ್ ಇವೆ. ಟ್ರೆಬಲ್ ಎರಡು ಮೂರು ಡೆಸಿಬೆಲ್ ಇಳಿಸಿದರೂ ವ್ಯತ್ಯಾಸ ತಿಳಿಯುತ್ತದೆ. ಆದರೆ ತಲೆಗೆ ಸರಿಯಾಗಿ ಕೂರದ ಪ್ಯಾಡನ್ನು ಯಾವ ಆ್ಯಪ್ ಕೂಡ ಸರಿಪಡಿಸಲಾರದು. ಹಾಗಾಗಿ 15,000 ರೂಪಾಯಿಯ ಹೆಡ್‌ಫೋನ್ ಸಂದು ಬಿಡುತ್ತಿದ್ದು, 9,000ದ್ದು ಸರಿಯಾಗಿ ಕೂರುತ್ತಿದ್ದರೆ ಅಗ್ಗದ್ದನ್ನೇ ಆರಿಸಿಕೊಳ್ಳಿ.