ಪೆಟ್ರೋಲ್ ಮುಗಿದರೆ ಗ್ಯಾಸ್: ಮನೆಗೆ ಡ್ಯುಯಲ್ ಫ್ಯೂಯಲ್ ಜನರೇಟರ್ ಕೊಳ್ಳುವ ಮುನ್ನ ಈ ಲೆಕ್ಕ ತಿಳಿದಿರಲಿ

ಕರೆಂಟ್ ಎರಡು ಗಂಟೆ ಹೋದರೆ ಇನ್ವರ್ಟರ್ ಸಾಕು. ಎರಡು ದಿನ ಹೋದರೆ? 2015ರ ಡಿಸೆಂಬರ್ ಪ್ರವಾಹದಲ್ಲಿ, ಮತ್ತೆ 2023ರ ಡಿಸೆಂಬರ್‌ನ ಮಿಚಾಂಗ್ ಚಂಡಮಾರುತದಲ್ಲಿ ಚೆನ್ನೈನ ಅನೇಕ ಬಡಾವಣೆಗಳು ಈ ಪ್ರಶ್ನೆ ಎದುರಿಸಿದವು. 2020ರ ಜೂನ್‌ನಲ್ಲಿ ನಿಸರ್ಗ ಚಂಡಮಾರುತ ಅಪ್ಪಳಿಸಿದಾಗ ಮುಂಬೈ ಪಕ್ಕದ ರಾಯಗಡ ಜಿಲ್ಲೆಯಲ್ಲಿ ಕಂಬಗಳೇ ಉರುಳಿಬಿದ್ದವು. ಮಲೆನಾಡು, ಕರಾವಳಿಯಲ್ಲಿ ಅಪ್ಪ–ಅಮ್ಮ ಇಬ್ಬರೇ ಇರುವ ಊರಿನ ಮನೆಯಿದ್ದರಂತೂ ಮಳೆಗಾಲದ ಕರೆಂಟ್ ಕಥೆಯನ್ನು ಯಾರೂ ಹೇಳಿಕೊಡಬೇಕಿಲ್ಲ.

ಇಂಥ ಹೊತ್ತಿಗೆಂದೇ ಪೆಟ್ರೋಲ್ ಮತ್ತು ಎಲ್‌ಪಿಜಿ ಎರಡರಲ್ಲೂ ಓಡುವ ಪೋರ್ಟಬಲ್ ಜನರೇಟರ್‌ಗಳತ್ತ ಜನ ನೋಡುತ್ತಿದ್ದಾರೆ. ಕೊಳ್ಳುವುದು ಸುಲಭ. ಆದರೆ ತಪ್ಪು ಗಾತ್ರದ್ದನ್ನು ಕೊಂಡು, ತಪ್ಪು ಜಾಗದಲ್ಲಿಟ್ಟು ಓಡಿಸಿದರೆ ಹಣ ಮಾತ್ರವಲ್ಲ, ಜೀವವೂ ಹೋಗಬಹುದು. ಹಾಗಾಗಿ ಜಾಗದ ವಿಷಯದಿಂದಲೇ ಶುರು ಮಾಡೋಣ.

ಫ್ಲ್ಯಾಟ್‌ನಲ್ಲಿದ್ದೀರಾ? ಬೇಡ

ನೀವು ಇರುವುದು ಅಪಾರ್ಟ್‌ಮೆಂಟಿನ ಐದನೇ ಮಹಡಿಯಲ್ಲಾದರೆ ಈ ಯಂತ್ರ ನಿಮಗಲ್ಲ. ಬಾಲ್ಕನಿ, ಯುಟಿಲಿಟಿ, ಮೆಟ್ಟಿಲ ಕೆಳಗಿನ ಜಾಗ, ಬೇಸ್‌ಮೆಂಟ್ ಪಾರ್ಕಿಂಗ್, ಇವೆಲ್ಲವೂ ಜನರೇಟರ್ ಓಡಿಸಬಾರದ ಜಾಗಗಳು. ಎಂಜಿನ್ ಉಗುಳುವ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಈ ಅನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ತಲೆನೋವು, ವಾಕರಿಕೆ, ಮಂಪರು ಶುರುವಾಗುವ ಹೊತ್ತಿಗೆ ಎದ್ದು ಹೊರಗೆ ಹೋಗುವ ಶಕ್ತಿಯೇ ಉಳಿದಿರುವುದಿಲ್ಲ. ಮಲಗಿದ್ದವರು ಏಳುವುದೇ ಇಲ್ಲ.

'ಗ್ಯಾಸ್‌ನಲ್ಲಿ ಓಡಿಸಿದರೆ ಹೊಗೆ ಇರಲ್ಲ, ಒಳಗೇ ಇಡಬಹುದು' ಎಂದು ಕೆಲವು ಅಂಗಡಿಯವರು ಹೇಳುವುದುಂಟು. ನಂಬಬೇಡಿ. ಎಲ್‌ಪಿಜಿಯಲ್ಲಿ ಕಣ್ಣಿಗೆ ಕಾಣುವ ಹೊಗೆ, ವಾಸನೆ ಕಡಿಮೆ, ನಿಜ. ಆದರೆ ಕಾರ್ಬನ್ ಮೊನಾಕ್ಸೈಡ್ ಅದರಲ್ಲೂ ಇದೆ. ಕಾಣದಿರುವುದರಿಂದಲೇ ಅಪಾಯ ಹೆಚ್ಚು. ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗದ ಸಲಹೆ ಕನಿಷ್ಠ 20 ಅಡಿ ದೂರ: ಮನೆಯಿಂದ ಆಚೆ, ತೆರೆದ ಜಾಗದಲ್ಲಿ, ಕಿಟಕಿ–ಬಾಗಿಲುಗಳತ್ತ ಹೊಗೆ ಕೊಳವೆ ತಿರುಗಿಸದೆ ಇಡಬೇಕು. ಅಷ್ಟು ಅಂಗಳ ಇಲ್ಲದವರು ಇನ್ವರ್ಟರ್ ಬ್ಯಾಟರಿ ದೊಡ್ಡದು ಮಾಡಿಸಿಕೊಳ್ಳುವುದೇ ವಾಸಿ. ಅಂದಹಾಗೆ, ಅಡುಗೆಮನೆಯಲ್ಲಿ ಹಾಕಿಸಿಕೊಳ್ಳುವ ಗ್ಯಾಸ್ ಲೀಕ್ ಅಲಾರಂ ಕಾರ್ಬನ್ ಮೊನಾಕ್ಸೈಡ್ ಗುರುತಿಸುವುದಿಲ್ಲ. ಅದಕ್ಕೆ ಬೇರೆಯೇ ಡಿಟೆಕ್ಟರ್ ಬೇಕು. ಜನರೇಟರ್ ಕೊಳ್ಳುವವರು ಅದನ್ನೂ ಬಜೆಟ್‌ಗೆ ಸೇರಿಸಿಕೊಳ್ಳಿ.

ಎರಡು ಇಂಧನ ಏಕೆ?

ಪೆಟ್ರೋಲ್ ಎಲ್ಲೆಡೆ ಸಿಗುತ್ತದೆ, ಎಂಜಿನ್‌ಗೆ ಪೂರ್ತಿ ಶಕ್ತಿ ಕೊಡುತ್ತದೆ. ಆದರೆ ಕೂಡಿಡಲು ಬರುವುದಿಲ್ಲ. ಈಗ ಬಂಕ್‌ಗಳಲ್ಲಿ ಸಿಗುವ ಇ20 ಪೆಟ್ರೋಲ್‌ನಲ್ಲಿರುವ ಎಥೆನಾಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ. ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ಬಿಟ್ಟ ಪೆಟ್ರೋಲ್ ಕಾರ್ಬ್ಯುರೇಟರ್‌ನಲ್ಲಿ ಅಂಟಾಗಿ ಕೂತು, ಬೇಕಾದ ದಿನವೇ ಎಂಜಿನ್ ಸ್ಟಾರ್ಟ್ ಆಗುವುದಿಲ್ಲ. ಜತೆಗೆ ಕಾನೂನಿನ ಮಿತಿಯೂ ಇದೆ. 1934ರ ಪೆಟ್ರೋಲಿಯಂ ಕಾಯ್ದೆ ಪ್ರಕಾರ ಮಾರಾಟಕ್ಕಲ್ಲದೆ ಸ್ವಂತಕ್ಕೆ ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳಬಹುದಾದ ಪೆಟ್ರೋಲ್ 30 ಲೀಟರ್, ಅದೂ ಭದ್ರವಾಗಿ ಮುಚ್ಚಿದ, ತಲಾ 25 ಲೀಟರ್ ಮೀರದ ಲೋಹದ ಡಬ್ಬಿಗಳಲ್ಲಿ. ಪ್ಲಾಸ್ಟಿಕ್ ಕ್ಯಾನ್ ಹಿಡಿದು ಹೋದರೆ ಅನೇಕ ಬಂಕ್‌ಗಳಲ್ಲಿ ಹಾಕುವುದೂ ಇಲ್ಲ. ಚಂಡಮಾರುತ ಬಂದ ದಿನ ಬಂಕ್‌ಗೇ ಕರೆಂಟ್ ಇಲ್ಲದಿದ್ದರೆ ಆ ಮಾತೂ ಇಲ್ಲ.

ಎಲ್‌ಪಿಜಿ ಸಿಲಿಂಡರ್ ವರ್ಷಗಟ್ಟಲೆ ಇಟ್ಟರೂ ಹಾಳಾಗುವುದಿಲ್ಲ. ಇದರ ನಿಜವಾದ ಲಾಭ ಇಷ್ಟೇ. ಖರ್ಚಿನ ಉಳಿತಾಯ ಆಮೇಲಿನ ಮಾತು. ಬದಲಿಗೆ ತೆರುವ ಬೆಲೆ, ಶೇ 10ರಷ್ಟು ಕಡಿಮೆ ಶಕ್ತಿ. ಪೆಟ್ರೋಲ್‌ನಲ್ಲಿ 3,000 ವ್ಯಾಟ್ ಕೊಡುವ ಯಂತ್ರ ಗ್ಯಾಸ್‌ನಲ್ಲಿ ಸುಮಾರು 2,700 ಕೊಡುತ್ತದೆ ಎಂದಿಟ್ಟುಕೊಳ್ಳಿ.

ಸಾಮಾನ್ಯ ಜನರೇಟರ್ ಒಂದು ಕಿಲೋವ್ಯಾಟ್ ಆಸುಪಾಸಿನ ಲೋಡ್‌ನಲ್ಲಿ ಗಂಟೆಗೆ ಅಂದಾಜು ಅರ್ಧ ಕೆಜಿ ಗ್ಯಾಸ್ ಅಥವಾ ಮುಕ್ಕಾಲು ಲೀಟರ್ ಪೆಟ್ರೋಲ್ ಕುಡಿಯುತ್ತದೆ. ಅಂದರೆ 19 ಕೆಜಿಯ ಒಂದು ಸಿಲಿಂಡರ್ ಸುಮಾರು 38 ಗಂಟೆ. ದಿನಕ್ಕೆ ಎಂಟು ಗಂಟೆ ಓಡಿಸಿದರೆ ನಾಲ್ಕೂವರೆ ದಿನಕ್ಕೂ ಹೆಚ್ಚು. ಇಷ್ಟೇ ಹೊತ್ತಿಗೆ ಪೆಟ್ರೋಲ್ ಬೇಕೆಂದರೆ ಕಾನೂನಿನ 30 ಲೀಟರ್ ಪೂರ್ತಿ ಮನೆಯಲ್ಲಿರಬೇಕು.

ಅಡುಗೆ ಸಿಲಿಂಡರ್ ಬಳಸುವಂತಿಲ್ಲ

ಮಾರಾಟಗಾರರು ಈ ಮಾತು ಹೇಳುವುದು ಕಡಿಮೆ. ಮನೆಗೆ ಬರುವ 14.2 ಕೆಜಿ ಕೆಂಪು ಸಿಲಿಂಡರ್ ಅಡುಗೆಗೆ ಮಾತ್ರ. 2000ನೇ ಇಸವಿಯ ಎಲ್‌ಪಿಜಿ ಪೂರೈಕೆ ಮತ್ತು ವಿತರಣೆ ನಿಯಂತ್ರಣ ಆದೇಶದಡಿ ಅದನ್ನು ಬೇರೆ ಕೆಲಸಕ್ಕೆ ಬಳಸಲು ಅವಕಾಶವಿಲ್ಲ. ಜನರೇಟರ್‌ಗೆ ಬೇಕಿರುವುದು 19 ಕೆಜಿಯ ವಾಣಿಜ್ಯ ಸಿಲಿಂಡರ್, ಅಥವಾ ವಿಳಾಸದ ದಾಖಲೆ ಇಲ್ಲದೆಯೂ ಸಿಗುವ 5 ಕೆಜಿಯ ಚಿಕ್ಕ ಸಿಲಿಂಡರ್ (ಇಂಡಿಯನ್ ಆಯಿಲ್ ಇದನ್ನು 'ಛೋಟು' ಹೆಸರಲ್ಲಿ ಮಾರುತ್ತದೆ). ಬಳಕೆ ಯಾವುದಕ್ಕೆ ಎಂದು ಗ್ಯಾಸ್ ಏಜೆನ್ಸಿಯಲ್ಲಿ ಮುಚ್ಚಿಡದೆ ಹೇಳಿಯೇ ತೆಗೆದುಕೊಳ್ಳಿ. ಪೈಪ್ ಗ್ಯಾಸ್ ಇರುವ ಮುಂಬೈ, ಪುಣೆ, ದೆಹಲಿಯ ಮನೆಗಳವರು ಅಡುಗೆಮನೆಯ ಲೈನಿನಿಂದ ಕವಲು ತೆಗೆಯುವ ಸಾಹಸಕ್ಕೆ ಕೈಹಾಕಬಾರದು. ಕಂಪನಿಯ ಅನುಮತಿ ಇಲ್ಲದೆ ಅದನ್ನು ಮುಟ್ಟುವಂತೆಯೇ ಇಲ್ಲ.

5 ಕೆಜಿ ಸಿಲಿಂಡರ್‌ಗೆ ಇನ್ನೊಂದು ಮಿತಿ ಇದೆ. ಒಳಗಿನ ದ್ರವ ಆವಿಯಾದರೆ ಮಾತ್ರ ಎಂಜಿನ್‌ಗೆ ಗ್ಯಾಸ್. ಆವಿಯಾಗಲು ಶಾಖ ಬೇಕು, ಅದು ಸಿಲಿಂಡರಿನ ಮೈಯಿಂದಲೇ ಬರಬೇಕು. ಚಿಕ್ಕ ಸಿಲಿಂಡರಿನಿಂದ ಜೋರಾಗಿ ಗ್ಯಾಸ್ ಎಳೆದರೆ ಮೈ ತಣ್ಣಗಾಗಿ, ಹೊರಗೆ ನೀರು ಹನಿಗಟ್ಟಿ, ಒತ್ತಡ ಕುಸಿದು ಎಂಜಿನ್ ಉಸಿರುಗಟ್ಟುತ್ತದೆ. ನಮ್ಮ ಎಲ್‌ಪಿಜಿಯಲ್ಲಿ ಬ್ಯೂಟೇನ್ ಪಾಲು ಹೆಚ್ಚು. ಅದು ಸೊನ್ನೆ ಡಿಗ್ರಿ ಹತ್ತಿರ ಬಂದರೆ ಆವಿಯಾಗಲು ಮೊಂಡು ಹಿಡಿಯುತ್ತದೆ. ದೆಹಲಿಯ ಜನವರಿ ಬೆಳಗ್ಗೆ ಇದು ಅನುಭವಕ್ಕೆ ಬರುತ್ತದೆ, ಮಂಗಳೂರಿನಲ್ಲಿ ಬರುವುದಿಲ್ಲ. ಹಾಗೆಂದು ಸಿಲಿಂಡರ್‌ಗೆ ಬಿಸಿನೀರು ಹೊಯ್ಯುವುದು, ಅಡ್ಡ ಮಲಗಿಸುವುದು ಬೇಡವೇ ಬೇಡ. ಸಿಲಿಂಡರ್ ಯಾವಾಗಲೂ ನೆಟ್ಟಗೆ ನಿಂತಿರಬೇಕು, ಎಂಜಿನ್ನಿನ ಶಾಖಕ್ಕೆ, ಹೊಗೆ ಕೊಳವೆಗೆ ದೂರವಿರಬೇಕು. ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ತಗ್ಗಿನಲ್ಲಿ, ಚರಂಡಿಯಲ್ಲಿ, ಸಂಪಿನಲ್ಲಿ ಹೋಗಿ ಕೂರುತ್ತದೆ. ಪೈಪ್ ಜೋಡಿಸಿದ ಪ್ರತಿ ಸಲವೂ ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತದೆಯೇ ನೋಡಿ.

ಎಷ್ಟು ದೊಡ್ಡದು ಬೇಕು?

ಊರಿನ ಮನೆಯೊಂದನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ನಾಲ್ಕು ಹಳೆಯ ಫ್ಯಾನ್‌ಗೆ ತಲಾ 75ರಂತೆ 300 ವ್ಯಾಟ್. 9 ವ್ಯಾಟಿನ ಹತ್ತು ಎಲ್‌ಇಡಿ ಬಲ್ಬ್‌ಗೆ 90. ಫ್ರಿಜ್ 200, ಟಿವಿ 100, ವೈಫೈಗೆ 10. ಒಟ್ಟು 700 ವ್ಯಾಟ್. ಮನೆಯಲ್ಲಿ ವಯಸ್ಸಾದವರಿಗೆ 5 ಲೀಟರ್‌ನ ಆಕ್ಸಿಜನ್ ಕಾನ್ಸಂಟ್ರೇಟರ್ ಇದ್ದರೆ ಇನ್ನೂ 350. ಇಷ್ಟಕ್ಕೆ 2 ಕೆವಿಎ ಸಾಕು ಎನಿಸುತ್ತದೆ.

ಲೆಕ್ಕ ಕೆಡಿಸುವುದು ನೀರಿನ ಪಂಪು. 1 ಎಚ್‌ಪಿ ಪಂಪು ಓಡುವಾಗ 1,100 ವ್ಯಾಟ್ ಆಸುಪಾಸು ಎಳೆಯುತ್ತದೆ, ಆದರೆ ಸ್ಟಾರ್ಟ್ ಆಗುವ ಕ್ಷಣದಲ್ಲಿ ಅದರ ಮೂರರಿಂದ ಐದು ಪಟ್ಟು ಕೇಳುತ್ತದೆ. ಫ್ರಿಜ್ಜಿನ ಕಂಪ್ರೆಸರ್‌ಗೂ ಇದೇ ಸ್ವಭಾವ. ಇನ್ವರ್ಟರ್ ಕಂಪ್ರೆಸರ್ ಇರುವ ಹೊಸ ಫ್ರಿಜ್ ಪರವಾಗಿಲ್ಲ. ಅರ್ಧ ಎಚ್‌ಪಿ ಪಂಪಾದರೆ, ಉಳಿದ ಲೋಡ್ ಆರಿಸಿ ಮೊದಲು ಪಂಪು ಹಾಕುವ ಶಿಸ್ತಿದ್ದರೆ, 3 ಕೆವಿಎ ನಡೆಯುತ್ತದೆ. 1 ಎಚ್‌ಪಿ ಸಬ್‌ಮರ್ಸಿಬಲ್ ಇದ್ದರೆ 5 ಕೆವಿಎ ಕಡೆಗೇ ಯೋಚಿಸಿ. ಪಂಪಿನ ನೇಮ್‌ಪ್ಲೇಟ್ ಫೋಟೊ ತೆಗೆದು ಡೀಲರ್‌ಗೆ ತೋರಿಸಿ. ಗೀಸರ್, ಇಸ್ತ್ರಿಪೆಟ್ಟಿಗೆ ಈ ಪಟ್ಟಿಯಲ್ಲಿ ಇರಲೇಬಾರದು.

ಡಬ್ಬದ ಮೇಲೆ ದೊಡ್ಡದಾಗಿ ಅಚ್ಚಾಗಿರುವ ಸಂಖ್ಯೆ ಹೆಚ್ಚಾಗಿ ಮ್ಯಾಕ್ಸಿಮಮ್ ಔಟ್‌ಪುಟ್, ಕೆಲ ನಿಮಿಷ ತಡೆಯುವ ಮಿತಿ. ನಿಮಗೆ ಬೇಕಿರುವುದು ರೇಟೆಡ್ ಔಟ್‌ಪುಟ್. ಅದರಲ್ಲೂ ಎಲ್‌ಪಿಜಿಯಲ್ಲಿ ಎಷ್ಟು ಎಂಬುದು. ಆ ಸಂಖ್ಯೆಯ ಮುಕ್ಕಾಲು ಪಾಲನ್ನು ನಿಮ್ಮ ನಿತ್ಯದ ಲೋಡ್ ಮೀರಬಾರದು.

ಯೂಟ್ಯೂಬ್‌ನಲ್ಲಿ ಡ್ಯುಯಲ್ ಫ್ಯೂಯಲ್ ಎಂದು ಹುಡುಕಿದರೆ ಬರುವ ವಿಡಿಯೊಗಳಲ್ಲಿ ಹೆಚ್ಚಿನವು ಅಮೆರಿಕದವು. ಅಲ್ಲಿನ ಯಂತ್ರ 120 ವೋಲ್ಟ್, 60 ಹರ್ಟ್ಸ್; ನಮ್ಮದು 230 ವೋಲ್ಟ್, 50 ಹರ್ಟ್ಸ್. ಅಲ್ಲಿನ ಗ್ಯಾಸ್ ಪೈಪಿನ ಜೋಡಣೆ ನಮ್ಮ ಸಿಲಿಂಡರ್ ವಾಲ್ವ್‌ಗೆ ಕೂರುವುದೂ ಇಲ್ಲ. ಅಲ್ಲಿರುವ ನೆಂಟರ ಕೈಲಿ ತರಿಸುವ ಯೋಚನೆ ಇದ್ದರೆ ಕೈಬಿಡಿ.

ಇನ್ವರ್ಟರ್ ಇದ್ದವರು ಗಮನಿಸಿ

ಈಗಾಗಲೇ ಮನೆಯಲ್ಲಿ ಇನ್ವರ್ಟರ್ ಇದ್ದರೆ ಜನರೇಟರನ್ನು ದಿನವಿಡೀ ಓಡಿಸಬೇಕಿಲ್ಲ. ಸಂಜೆ ಕೆಲವು ಗಂಟೆ ಓಡಿಸಿ ನೀರು ತುಂಬಿಸಿ, ಫ್ರಿಜ್ ತಣ್ಣಗೆ ಮಾಡಿ, ಬ್ಯಾಟರಿ ಚಾರ್ಜ್ ಮಾಡಿಕೊಂಡರೆ ರಾತ್ರಿ ಸದ್ದಿಲ್ಲದೆ ಫ್ಯಾನ್ ತಿರುಗುತ್ತದೆ. 150 ಎಎಚ್ ಬ್ಯಾಟರಿಯಲ್ಲಿ ಹೆಸರಿಗೆ 1,800 ವ್ಯಾಟ್ ಅವರ್ ಇರುತ್ತದೆ. ನಾಲ್ಕು ಫ್ಯಾನ್ ರಾತ್ರಿ ಕಳೆಯುವುದು ಕಷ್ಟ, ಎರಡು ಫ್ಯಾನ್ ಆದೀತು.

ಆದರೆ ಸಾಮಾನ್ಯ ಜನರೇಟರಿನ ಕರೆಂಟ್ ಏರಿಳಿತ ಹೆಚ್ಚು. ಇನ್ವರ್ಟರ್ 'ಯುಪಿಎಸ್' ಮೋಡ್‌ನಲ್ಲಿದ್ದರೆ ಅದನ್ನು ತಿರಸ್ಕರಿಸಿ ಬ್ಯಾಟರಿ ಚಾರ್ಜ್ ಮಾಡದೆ ಕೂರಬಹುದು. ಹಿಂಬದಿಯ ಸ್ವಿಚ್ ಸಾಮಾನ್ಯ ಮೋಡ್‌ಗೆ ಹಾಕಿ ನೋಡಿ. ಇನ್ವರ್ಟರ್ ತಂತ್ರಜ್ಞಾನದ ಜನರೇಟರ್‌ಗಳಿಗೆ ಈ ತೊಂದರೆ ಕಡಿಮೆ: ಲೋಡಿಗೆ ತಕ್ಕಂತೆ ವೇಗ ಇಳಿಸುತ್ತವೆ, ಸದ್ದು ಕಡಿಮೆ, ಇಂಧನ ಕಡಿಮೆ, ಲ್ಯಾಪ್‌ಟಾಪ್ ಮತ್ತು ವೈದ್ಯಕೀಯ ಉಪಕರಣಗಳಿಗೆ ಒಳ್ಳೆಯ ಕರೆಂಟ್. ಬೆಲೆ ಜಾಸ್ತಿ. ಮನೆಯಲ್ಲಿ ಆಕ್ಸಿಜನ್ ಯಂತ್ರ ಇರುವವರಿಗೆ ಆ ಹೆಚ್ಚುವರಿ ಬೆಲೆ ದುಬಾರಿಯಲ್ಲ ಎಂಬುದು ನಮ್ಮ ಅಭಿಪ್ರಾಯ.

ಲೈನ್‌ಮನ್ ಜೀವ ನಿಮ್ಮ ಕೈಯಲ್ಲಿ

ಎರಡೂ ತುದಿಗೆ ಪ್ಲಗ್ ಇರುವ ವೈರ್ ಮಾಡಿಸಿ, ಗೋಡೆಯ ಸಾಕೆಟ್‌ಗೆ ಜನರೇಟರ್ ಕರೆಂಟ್ ಕೊಡುವ ಕೆಲಸ ಹಳ್ಳಿಗಳಲ್ಲಿ ಇಂದಿಗೂ ಕಾಣಸಿಗುತ್ತದೆ. ಮೇನ್ ಸ್ವಿಚ್ ಆರಿಸಲು ಮರೆತರೆ ಆ ಕರೆಂಟ್ ಮೀಟರ್ ದಾಟಿ ಹೊರಗಿನ ಲೈನಿಗೆ ಹೋಗುತ್ತದೆ. ಟ್ರಾನ್ಸ್‌ಫಾರ್ಮರ್ ಅದನ್ನು ಸಾವಿರಾರು ವೋಲ್ಟ್‌ಗೆ ಏರಿಸುತ್ತದೆ. ಲೈನ್ ಸತ್ತಿದೆ ಎಂದುಕೊಂಡು ಮಳೆಯಲ್ಲಿ ಕಂಬ ಹತ್ತಿದ ಲೈನ್‌ಮನ್ ಕಥೆ ಮುಗಿಯಿತು. ಮೇನ್ ಅಥವಾ ಜನರೇಟರ್, ಎರಡರಲ್ಲಿ ಒಂದೇ ಕಡೆ ನಿಲ್ಲುವ ಚೇಂಜ್‌ಓವರ್ ಸ್ವಿಚ್ ಕಡ್ಡಾಯ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಹಾಕಿಸಿ, ಅರ್ತಿಂಗ್ ಪರೀಕ್ಷೆ ಮಾಡಿಸಿ, ಜನರೇಟರ್ ಓಡುವಾಗಲೂ ಆರ್‌ಸಿಸಿಬಿ ಟ್ರಿಪ್ ಆಗುತ್ತದೆಯೇ ಎಂದು ಕೇಳಿ. ಕೆಲವು ಜೋಡಣೆಗಳಲ್ಲಿ ಆಗುವುದಿಲ್ಲ.

ಅಂಗಡಿಯಲ್ಲಿ ಕೇಳಬೇಕಾದ್ದು

ಮಾರುಕಟ್ಟೆಯಲ್ಲಿ 'ಡ್ಯುಯಲ್ ಫ್ಯೂಯಲ್' ಹೆಸರಲ್ಲಿ ಎರಡು ಬಗೆಯವು ಸಿಗುತ್ತವೆ: ಕಾರ್ಖಾನೆಯಿಂದಲೇ ಹಾಗೆ ಬಂದವು, ಮತ್ತು ಪೆಟ್ರೋಲ್ ಯಂತ್ರಕ್ಕೆ ಡೀಲರ್ ಗ್ಯಾಸ್ ಕಿಟ್ ಸಿಕ್ಕಿಸಿದವು. ಮೊದಲನೆಯದನ್ನೇ ಕೊಳ್ಳಿ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸಿಪಿಸಿಬಿ 4+ ಮಾನದಂಡ 2023ರ ಜುಲೈ 1ರಿಂದ ಜಾರಿಯಲ್ಲಿದೆ. ಅದಕ್ಕೆ ಹೊಂದುವ ಪ್ರಮಾಣಪತ್ರದ ಲೇಬಲ್ ಯಂತ್ರದ ಮೇಲಿರಬೇಕು. ದೆಹಲಿ ಸುತ್ತಮುತ್ತ ಇರುವವರಿಗೆ ಇನ್ನೊಂದು ಮಾತು: ಚಳಿಗಾಲದ ಮಾಲಿನ್ಯ ಹೆಚ್ಚಿದಾಗ ಜನರೇಟರ್ ಬಳಕೆಗೆ ನಿರ್ಬಂಧ ಬರುತ್ತದೆ. ಗ್ಯಾಸ್‌ನಲ್ಲಿ ಓಡುವವಕ್ಕೆ ಡೀಸೆಲ್‌ಗಿಂತ ಸಡಿಲಿಕೆ ಇದೆಯಾದರೂ ವಾಯು ಗುಣಮಟ್ಟ ನಿರ್ವಹಣಾ ಆಯೋಗದ ಆ ಹೊತ್ತಿನ ಆದೇಶ ನೋಡಿಕೊಳ್ಳಿ.

'ಪೋರ್ಟಬಲ್' ಎಂಬ ಪದಕ್ಕೆ ಮರುಳಾಗಬೇಡಿ. 3 ಕೆವಿಎ ಯಂತ್ರ 45–50 ಕೆಜಿ ತೂಗುವುದು ಸಾಮಾನ್ಯ. ಓಡಿಸುವವರು ಎಪ್ಪತ್ತರ ಅಪ್ಪ ಎಂದಾದರೆ ಚಕ್ರ ಮತ್ತು ಸೆಲ್ಫ್ ಸ್ಟಾರ್ಟ್ ಇರಲೇಬೇಕು. ಹಗ್ಗ ಎಳೆಯುವುದು ಅವರ ಕೈಲಾಗದು. ಸರ್ವಿಸ್ ಸೆಂಟರ್ ನೀವಿರುವ ಪುಣೆಯಲ್ಲಿದ್ದರೆ ಪ್ರಯೋಜನವಿಲ್ಲ, ಯಂತ್ರವಿರುವ ಶಿರಸಿಯ ಹತ್ತಿರ ಇದೆಯೇ ಕೇಳಿ. ಡೆಲಿವರಿ ದಿನ ಎರಡೂ ಇಂಧನದಲ್ಲಿ ಸ್ಟಾರ್ಟ್ ಮಾಡಿಸಿ, ಗ್ಯಾಸ್‌ನಲ್ಲಿ ಓಡುವಾಗಲೇ ಪಂಪು ಹಾಕಿಸಿ ನೋಡಿ. ಎಂಜಿನ್ ಗೊಣಗಿ ನಿಂತರೆ ಅಲ್ಲೇ ಮಾತಾಡುವುದು ಸುಲಭ.

ಮೊದಲ 20 ಗಂಟೆ ಓಡಿದ ಮೇಲೆ ಆಯಿಲ್ ಬದಲಿಸಬೇಕು, ಆಮೇಲೆ ಸಾಮಾನ್ಯವಾಗಿ 100 ಗಂಟೆಗೆ ಅಥವಾ ಆರು ತಿಂಗಳಿಗೊಮ್ಮೆ. ತಿಂಗಳಿಗೊಮ್ಮೆ ಹದಿನೈದು ನಿಮಿಷ ಲೋಡ್ ಹಾಕಿ ಓಡಿಸಬೇಕು. ಪೆಟ್ರೋಲ್‌ನಲ್ಲಿ ಓಡಿಸಿದ್ದರೆ ಕೊನೆಗೆ ಪೆಟ್ರೋಲ್ ವಾಲ್ವ್ ಮುಚ್ಚಿ, ಕಾರ್ಬ್ಯುರೇಟರ್ ಬರಿದಾಗಿ ಎಂಜಿನ್ ತಾನಾಗಿ ನಿಲ್ಲುವವರೆಗೆ ಬಿಡಿ. ಜತೆಗೆ ಯಾವ ಸ್ವಿಚ್ ಮೊದಲು, ಯಾವುದು ನಂತರ, ಬಿಸಿ ಎಂಜಿನ್‌ಗೆ ಪೆಟ್ರೋಲ್ ಹೊಯ್ಯಬಾರದು ಎಂಬುದನ್ನೆಲ್ಲ ಕನ್ನಡದಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಚೇಂಜ್‌ಓವರ್ ಸ್ವಿಚ್ ಪಕ್ಕದ ಗೋಡೆಗೆ ಅಂಟಿಸಿ ಬನ್ನಿ. ಕಂಪನಿ ಕೊಡುವ ಇಂಗ್ಲಿಷ್ ಮ್ಯಾನ್ಯುಯಲ್ ಕತ್ತಲಲ್ಲಿ ಯಾರೂ ಓದುವುದಿಲ್ಲ.