ತರಗು ಬೆಂಕಿ ಆರಿದ ಮೇಲೆ

ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಕಾಡೇ ದುಡಿಮೆಯ ಜಾಗ. ಜೇನು ಇಳಿಸಲು, ನೆಲ್ಲಿಕಾಯಿ ಉದುರಿಸಲು ಹೋದ ದಾರಿಯಲ್ಲೇ ಕಡವೆ ಎಲ್ಲಿ ಮೇಯುತ್ತದೆ, ಹುಲ್ಲು ಯಾವಾಗ ಚಿಗುರುತ್ತದೆ ಎಂಬುದನ್ನು ನೋಡಿ ಅರಿತವರು ಅವರು. ಹುಲ್ಲುಗಾವಲಿಗೆ ಬೋಳಿ, ನಿತ್ಯಹಸಿರಿನ ಕಾಡಿಗೆ ಕಾನು ಎಂದು ಬೇರೆ ಬೇರೆ ಹೆಸರಿಟ್ಟವರು. ಹಾಗಾಗಿ ಲಂಟಾನ ಪೊದೆ ಕಾಡನ್ನು ನುಂಗುತ್ತಿದೆ ಎಂಬ ಅವರ ಮಾತನ್ನು ಬರಿಯ ದೂರೆಂದು ಬದಿಗಿಡದೆ, ಬೆಟ್ಟದ ಚರಿತ್ರೆಯ ದಾಖಲೆಯಾಗಿ ಓದಬೇಕು. ಅವರು ಹೇಳುವ ಕಾರಣ ಸ್ಪಷ್ಟವಾಗಿದೆ: ತರಗು ಬೆಂಕಿ ನಿಂತಿತು, ಲಂಟಾನ ಎದ್ದಿತು.

ತರಗು ಬೆಂಕಿಯೆಂದರೆ ಬೇಸಗೆ ಬಲಿಯುವ ಮೊದಲೇ, ನೆಲದಲ್ಲಿ ಇನ್ನೂ ತುಸು ತೇವ ಇರುವಾಗ, ಉದುರಿದ ಎಲೆಗೆ ಹಚ್ಚುತ್ತಿದ್ದ ಸಣ್ಣ ಬೆಂಕಿ. ಅದು ನೆಲದ ಮೇಲೆ ಹರಿದು ಆರುತ್ತಿತ್ತು. ಎಳೆಯ ಪೊದೆ ಸುಡುತ್ತಿತ್ತು, ಹೊಸ ಹುಲ್ಲು ಏಳುತ್ತಿತ್ತು, ಆ ಹುಲ್ಲಿಗೆ ಜಿಂಕೆ, ಕಾಟಿಗಳು ಬರುತ್ತಿದ್ದವು. 1974ರಲ್ಲಿ ಬೆಟ್ಟ ವನ್ಯಜೀವಿಧಾಮವಾಯಿತು. ಕುಮರಿ ಬೇಸಾಯಕ್ಕೂ ಬೆಂಕಿಗೂ ತಡೆ ಬಿತ್ತು. ಮುಂದೆ ನಡೆದ ಸಮೀಕ್ಷೆಗಳಲ್ಲಿ, 1997ರಲ್ಲಿ ಪರಿಶೀಲಿಸಿದ ಜಾಗಗಳ ಪೈಕಿ ಶೇ 41ರಲ್ಲಿ ಸಿಕ್ಕಿದ್ದ ಲಂಟಾನ 2008ರ ಹೊತ್ತಿಗೆ ಶೇ 81ರಲ್ಲಿ ಕಂಡಿತು. ಹನ್ನೊಂದೇ ವರ್ಷ! ಮಧ್ಯ ಮತ್ತು ದಕ್ಷಿಣ ಅಮೆರಿಕದ ಈ ಗಿಡ ಅಂದಕ್ಕೆಂದು ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಬಂದದ್ದು 19ನೇ ಶತಮಾನದ ಮೊದಲ ದಶಕದಲ್ಲಿ. ಬೆಂಕಿ ನಿಂತದ್ದರಿಂದ ಅದು ಬೆಟ್ಟಕ್ಕೆ ಬಂತೆಂದು ಯಾರೂ ಹೇಳುವುದಿಲ್ಲ. ಬಹುಕಾಲ ಅಂಚಿನಲ್ಲಿದ್ದದ್ದು ಈ ಕೆಲವು ದಶಕಗಳಲ್ಲೇ ಒಳಕ್ಕೆ ನುಗ್ಗಿದ್ದು ಏಕೆ ಎಂಬುದೇ ಪ್ರಶ್ನೆ.

ಸೋಲಿಗರು ಕೊಡುವ ಕಾರಣಕ್ಕೆ ಬಲವಾದ ಆಕ್ಷೇಪವಿದೆ. ಸುಟ್ಟ ಲಂಟಾನ ಬುಡದಿಂದ ಮತ್ತೆ ಚಿಗುರುತ್ತದೆ; ಬೆಂಕಿ ಮರಗಳ ನೆರಳು ಕಳೆದರೆ ಇನ್ನೂ ಹುಲುಸಾಗುತ್ತದೆ. ಹಾಗಿದ್ದರೆ ಬೆಂಕಿಯೇ ಅದಕ್ಕೆ ಗೊಬ್ಬರವಲ್ಲವೇ? ಮಾತು ನಿಜ, ಆದರೆ ಅದು ಬಿರುಬೇಸಗೆಯ ಕಾಳ್ಗಿಚ್ಚಿನ ಬಗ್ಗೆ ನಿಜ. ಆಳೆತ್ತರದ ಪೊದೆ ಹೊತ್ತಿಕೊಂಡಾಗ ಜ್ವಾಲೆ ಕೊಂಬೆಗೇರುತ್ತದೆ. ತರಗು ಬೆಂಕಿಗೆ ಸಿಗುತ್ತಿದ್ದದ್ದು ಎಳೆಯ ಸಸಿ. ಎರಡನ್ನೂ ಬೆಂಕಿ ಎಂಬ ಒಂದೇ ಹೆಸರಿನಲ್ಲಿ ನಿಷೇಧಿಸಿದ್ದು ದೊಡ್ಡ ತಪ್ಪೆಂದು ನನಗನ್ನಿಸುತ್ತದೆ. ಬೆಂಕಿಯೊಂದೇ ಕಾರಣವೂ ಇರಲಾರದು. ಹಣ್ಣು ತಿಂದ ಪಿಕಳಾರಗಳು ಬೀಜವನ್ನು ಎಲ್ಲೆಡೆ ಉದುರಿಸುತ್ತವೆ. ಆದರೂ ಸೋಲಿಗರ ಗಮನಿಕೆಯನ್ನು ತಳ್ಳಿಹಾಕುವುದು ಕಷ್ಟ. ನೆಲ್ಲಿಮರಗಳನ್ನು ಹಿಂಡುವ ಬಂದಳಿಕೆಯೂ ಬೆಂಕಿ ನಿಂತ ಮೇಲೆ ಹೆಚ್ಚಿತೆಂದು ಅವರು ಹೇಳಿದಾಗ ವಿಜ್ಞಾನಿಗಳು ಮೊದಲು ಒಪ್ಪಿರಲಿಲ್ಲ, ಆಮೇಲೆ ಅದನ್ನು ಗಂಭೀರವಾಗಿ ಪರಿಗಣಿಸಬೇಕಾಯಿತು.

ಹಾಗೆಂದು ಇವತ್ತೇ ಹಳೆಯ ಬೆಂಕಿಯನ್ನು ಹಚ್ಚಲಾಗದು. ತರಗಿನ ಜಾಗದಲ್ಲಿ ಈಗ ಒಣ ಲಂಟಾನ ತುಂಬಿದೆ. ಕಿಡಿ ಬಿದ್ದರೆ ಮರವೇ ಹೋದೀತು. ಮೊದಲು ಪೊದೆಯನ್ನು ಬುಡ ಸಮೇತ ಕಡಿದು ತಲೆಕೆಳಗಾಗಿ ಇಡಬೇಕು, ಹಕ್ಕಿ ಉದುರಿಸಿದ ಬೀಜದಿಂದ ಏಳುವ ಸಸಿಗಳನ್ನು ವರ್ಷ ವರ್ಷವೂ ಕೀಳಬೇಕು, ಹುಲ್ಲು ಮರಳಿದ ಮೇಲೆ ತರಗು ಬೆಂಕಿಯ ಮಾತು. ಈ ಕೆಲಸಕ್ಕೆ ಸೋಲಿಗರೇ ತಕ್ಕವರು: 2011ರಲ್ಲಿ ಅವರ 25 ಪೋಡುಗಳಿಗೆ, ಅಂದರೆ ಹಾಡಿಗಳಿಗೆ, ಸಮುದಾಯ ಅರಣ್ಯ ಹಕ್ಕು ದೊರೆಯಿತು. ಕಿರುಉತ್ಪನ್ನ ಸಂಗ್ರಹಕ್ಕೆ ಇವರು ದಿನವೂ ತುಳಿಯುವ ದಾರಿಯಲ್ಲೇ ಆ ಸಸಿಗಳು ಏಳುತ್ತಿವೆ.